ಗೇಮಿಂಗ್ ಕುರ್ಚಿಗೆ ಮೊದಲು ಮೊಣಕಾಲಿನ ಅಳತೆ

ಕಳೆದ ಮಳೆಗಾಲದಲ್ಲಿ ನನ್ನ ಫಿಸಿಯೋಥೆರಪಿ ಕ್ಲಿನಿಕ್ಕಿಗೆ ಬಂದ ಎಂಜಿನಿಯರಿಂಗ್ ಎರಡನೆಯ ವರ್ಷದ ಹುಡುಗನೊಬ್ಬ, ಕತ್ತಿನ ನೋವು ಮತ್ತು ತೊಡೆಯ ಹಿಂಬದಿಯ ಜೋಮಿನ ದೂರಿನ ಜೊತೆಗೆ ತನ್ನ ಕುರ್ಚಿಯ ಫೋಟೋವನ್ನೂ ಮೊಬೈಲಿನಲ್ಲಿ ತಂದಿದ್ದ. ಕೆಂಪು ಕಪ್ಪು ರೆಕ್ಸಿನ್ ಹೊದಿಕೆ, ಭುಜದ ಎತ್ತರಕ್ಕೆ ಎರಡು ರೆಕ್ಕೆ, ಕತ್ತಿಗೊಂದು ದಿಂಬು, ಸೊಂಟಕ್ಕೊಂದು ದಿಂಬು. "ಹದಿನಾಲ್ಕು ಸಾವಿರ ಕೊಟ್ಟು ಕೊಡಿಸಿದ್ದೀವಿ ಮೇಡಂ, ಆಮೇಲೂ ನೋವು ಅಂತಾನೆ" ಎಂದು ಅವನ ತಾಯಿ ಹೇಳಿದಾಗ, ಅವರ ದನಿಯಲ್ಲಿದ್ದ ಸಂಶಯ ಕುರ್ಚಿಯ ಮೇಲಿರದೆ ಮಗನ ಮೇಲಿತ್ತು. ಮನೆಗೆ ಹೋಗಿ ಮೂರು ಅಳತೆಗಳನ್ನು ತೆಗೆದು ಕಳುಹಿಸುವಂತೆ ಕೇಳಿದೆ: ಕುರ್ಚಿಯ ಆಸನ ಎಷ್ಟು ಕೆಳಗೆ ಇಳಿಯುತ್ತದೆ, ಆಸನದ ಉದ್ದ ಎಷ್ಟು, ಮೇಜಿನ ಎತ್ತರ ಎಷ್ಟು. ಅವನ ಮೈಯ ಅಳತೆಯನ್ನು ನಾನೇ ಮರದ ಸ್ಟೂಲಿನ ಮೇಲೆ ಕೂರಿಸಿ ತೆಗೆದುಕೊಂಡೆ.

ಲೆಕ್ಕ ಹೀಗಿತ್ತು. ಬರಿಗಾಲಿನಲ್ಲಿ ಕೂತಾಗ ನೆಲದಿಂದ ಅವನ ಮೊಣಕಾಲಿನ ಹಿಂಬದಿಯ ಮಡಿಕೆಗೆ 41 ಸೆಂ.ಮೀ. ಕುರ್ಚಿಯನ್ನು ಪೂರ್ತಿ ಇಳಿಸಿದರೂ ಆಸನ ಇರುತ್ತಿದ್ದದ್ದು 47 ಸೆಂ.ಮೀ. ಎತ್ತರದಲ್ಲಿ. ಹಾಗಾಗಿ ಅವನ ಹಿಮ್ಮಡಿ ನೆಲಕ್ಕೆ ತಾಗುತ್ತಿರಲಿಲ್ಲ. ಕಾಲಿನ ಭಾರವೆಲ್ಲ ಆಸನದ ಮುಂದಿನ ಅಂಚಿನಲ್ಲಿ ತೊಡೆಯನ್ನು ಒತ್ತುತ್ತಿತ್ತು. ಜೋಮಿಗೆ ಕಾರಣ ಅದು. ಇನ್ನು ಕೂತಾಗ ಆಸನದಿಂದ ಅವನ ಮೊಣಕೈಗೆ 23 ಸೆಂ.ಮೀ. ಎಂದರೆ ನೆಲದಿಂದ 70. ಮೇಜು ಮಾತ್ರ ನಮ್ಮ ಅಂಗಡಿಗಳಲ್ಲಿ ಸಿಗುವ ಬಹುತೇಕ ಮೇಜುಗಳಂತೆ 75. ಆ ಐದು ಸೆಂಟಿಮೀಟರನ್ನು ಅವನು ಪ್ರತಿ ರಾತ್ರಿ ನಾಲ್ಕು ಗಂಟೆ ಕಾಲ ಭುಜ ಎತ್ತಿ ತುಂಬಿಕೊಡುತ್ತಿದ್ದ. ಕತ್ತಿನ ನೋವು ಅಲ್ಲಿಂದ ಬಂದದ್ದು. ಕುರ್ಚಿ ಅವನ ಕಾಲಿಗೆ ಹೆಚ್ಚು ಎತ್ತರವಾಗಿತ್ತು, ಅದೇ ಕುರ್ಚಿ ಅವನ ಮೇಜಿಗೆ ತೀರಾ ಕುಳ್ಳಾಗಿತ್ತು. ಈ ಇಕ್ಕಟ್ಟನ್ನು ಯಾವ ಜಾಹೀರಾತೂ ಹೇಳುವುದಿಲ್ಲ, ಆದರೆ ನನ್ನಲ್ಲಿಗೆ ಬರುವ ಗೇಮಿಂಗ್ ಹುಡುಗ ಹುಡುಗಿಯರಲ್ಲಿ ನಾನು ಅತಿ ಹೆಚ್ಚು ಕಾಣುವುದು ಇದನ್ನೇ.

ಆದ್ದರಿಂದ ಕುರ್ಚಿಯನ್ನು ಒಂಟಿಯಾಗಿ ಕೊಳ್ಳಬಾರದು. ಅದು ಮೇಜಿನ ಜೋಡಿ. ಮೊದಲು ಮೇಜಿನ ಎತ್ತರದಿಂದ, ಕೂತಾಗ ಆಸನದಿಂದ ನಿಮ್ಮ ಮೊಣಕೈಗಿರುವ ಅಳತೆಯನ್ನು ಕಳೆಯಿರಿ, ಬರುವ ಸಂಖ್ಯೆಯೇ ನಿಮಗೆ ಬೇಕಾದ ಆಸನದ ಎತ್ತರ. ಈ ಹುಡುಗನಿಗೆ ಅದು 52. ಆಗ ಕಾಲಿನ ಕೆಳಗೆ 11 ಸೆಂ.ಮೀ. ಖಾಲಿ ಉಳಿಯುತ್ತದೆ, ಅದನ್ನು ತುಂಬಲು ಬಡಗಿಯಿಂದ ಮಾಡಿಸಿದ ಒಂದು ಅಗಲವಾದ ಕಾಲುಮಣೆ ಸಾಕು. ಮೇಜು ನಿಮ್ಮದೇ ಆಗಿದ್ದು, ಮನೆಯಲ್ಲಿ ಬೇರೆ ಯಾರೂ ಬಳಸುವುದಿಲ್ಲವಾದರೆ, ಅದರ ಕಾಲುಗಳನ್ನೇ ಕತ್ತರಿಸಿ ತಗ್ಗಿಸುವುದು ಇನ್ನೂ ಒಳ್ಳೆಯದು. ಇಲ್ಲಿ ಒಂದು ಮಾತು ಗಮನಿಸಬೇಕು: ಹೊರದೇಶಗಳ ಅಳತೆ ಸೂತ್ರಗಳು ಶೂಗಳ ಅಟ್ಟೆಗೆಂದು ಎರಡು ಮೂರು ಸೆಂಟಿಮೀಟರ್ ಸೇರಿಸಿಕೊಂಡಿರುತ್ತವೆ, ನಾವು ಮನೆಯಲ್ಲಿ ಬರಿಗಾಲಿನಲ್ಲಿ ಆಡುವವರು.

ಎರಡನೆಯದು ಆಸನದ ಉದ್ದ. ಬೆನ್ನನ್ನು ಪೂರ್ತಿ ಒರಗಿಸಿ ಕೂತಾಗ ಆಸನದ ಅಂಚಿಗೂ ಮೊಣಕಾಲಿನ ಹಿಂಬದಿಗೂ ನಡುವೆ ಮೂರು ಬೆರಳು ಹಿಡಿಯಬೇಕು. ಹಿಡಿಯದಿದ್ದರೆ, ಕೂತವರು ತಮಗೆ ಗೊತ್ತಿಲ್ಲದೆಯೇ ಮುಂದಕ್ಕೆ ಜಾರುತ್ತಾರೆ, ಬೆನ್ನು ಒರಗಿನಿಂದ ದೂರವಾಗುತ್ತದೆ, ಸೊಂಟದ ದಿಂಬು ಗಾಳಿಗೆ ಆಸರೆಯಾಗಿ ನಿಲ್ಲುತ್ತದೆ. 1994ರಲ್ಲಿ ಬಂದ ಹರ್ಮನ್ ಮಿಲ್ಲರ್ ಕಂಪನಿಯ ಏರಾನ್ ಕುರ್ಚಿಯನ್ನು ವಿನ್ಯಾಸ ಮಾಡಿದ ಬಿಲ್ ಸ್ಟಂಫ್ ಮತ್ತು ಡಾನ್ ಚಾಡ್ವಿಕ್, ಅದನ್ನು ಚಪ್ಪಲಿಯಂತೆ ಮೂರು ಅಳತೆಗಳಲ್ಲಿ ಕೊಟ್ಟದ್ದು ಇದೇ ಕಾರಣಕ್ಕೆ. ಅದರ ಬೆಲೆ ನಮ್ಮ ಮಾತಿಗೆ ನಿಲುಕುವುದಲ್ಲ, ಆದರೆ ಅದರ ಹಿಂದಿನ ತಿಳಿವಳಿಕೆಗೆ ಬೆಲೆ ಕೊಡಬೇಕಾಗಿಲ್ಲ. ಐದಡಿ ಮೂರಂಗುಲದವರಿಗೂ ಆರಡಿಯವರಿಗೂ ಒಂದೇ ಕುರ್ಚಿ ಎಂದು ಮಾರುವವರ ಹತ್ತಿರ, ಆಸನವನ್ನು ಹಿಂದೆ ಮುಂದೆ ಸರಿಸಲು ಬರುತ್ತದೆಯೇ ಎಂದಾದರೂ ಕೇಳಿ.

ರೆಕ್ಕೆಗಳ ವಿಚಾರಕ್ಕೆ ಬರೋಣ. ಈ ಆಕಾರ ಬಂದದ್ದು ರೇಸಿಂಗ್ ಕಾರಿನಿಂದ. ಕಾರಿನ ಸೀಟುಗಳನ್ನು ಮಾಡುತ್ತಿದ್ದ ಡಿಎಕ್ಸ್‌ರೇಸರ್ ಕಂಪನಿ 2006ರಲ್ಲಿ ಅದೇ ಆಕಾರಕ್ಕೆ ಚಕ್ರ ಜೋಡಿಸಿ ಗೇಮಿಂಗ್ ಕುರ್ಚಿಯೆಂದು ತಂದಿತು, ಉಳಿದವರು ಹಿಂಬಾಲಿಸಿದರು. ವೇಗವಾಗಿ ತಿರುವು ತೆಗೆದುಕೊಳ್ಳುವ ಕಾರಿನಲ್ಲಿ ಚಾಲಕ ಪಕ್ಕಕ್ಕೆ ವಾಲದಂತೆ ಹಿಡಿದಿಡುವುದು ಆ ರೆಕ್ಕೆಗಳ ಕೆಲಸ. ನಿಮ್ಮ ಕೋಣೆ ತಿರುವು ತೆಗೆದುಕೊಳ್ಳುವುದಿಲ್ಲ. ಮೇಲಿನ ರೆಕ್ಕೆ ಅಗಲ ಭುಜದವರನ್ನು ಮುಂದಕ್ಕೆ ದೂಡುತ್ತದೆ. ಆಸನದ ಅಂಚಿನ ಉಬ್ಬು, ನಮ್ಮಲ್ಲಿ ಅನೇಕರು ಅರ್ಧ ಗಂಟೆಗೊಮ್ಮೆ ಮಾಡುವಂತೆ ಚಕ್ಕಳಮಕ್ಕಳ ಹಾಕಿ ಕೂರಲು ಬಿಡುವುದಿಲ್ಲ. ಹಾಗೆ ಕೂರುವುದು ತಪ್ಪೆಂದು ನಾನು ಯಾರಿಗೂ ಹೇಳುವುದಿಲ್ಲ. ಭಂಗಿ ಬದಲಾಗುತ್ತಿರುವುದೇ ಮುಖ್ಯ, ಅದಕ್ಕೆ ಸಮತಟ್ಟಾದ, ಅಗಲವಾದ ಆಸನ ಬೇಕು.

ಒರಗಿ ಕೂರುವುದು ಸೋಮಾರಿತನವೆಂಬ ಹಿರಿಯರ ಬೈಗುಳಕ್ಕೂ ಇಲ್ಲಿ ಉತ್ತರವಿದೆ. ಸ್ವೀಡನ್ನಿನ ಮೂಳೆತಜ್ಞ ಆಲ್ಫ್ ನಾಕೆಮ್ಸನ್ 1960ರ ದಶಕದಲ್ಲಿ ಜೀವಂತ ಮನುಷ್ಯರ ಸೊಂಟದ ಡಿಸ್ಕಿಗೇ ಸೂಜಿ ಇಳಿಸಿ ಒತ್ತಡವನ್ನು ಅಳೆದರು. ಆಸರೆಯಿಲ್ಲದೆ ಕೂತಾಗ ಡಿಸ್ಕಿನ ಮೇಲೆ ನಿಂತಾಗಿನದಕ್ಕಿಂತ ಹೆಚ್ಚು ಒತ್ತಡ ಬೀಳುತ್ತದೆ ಎಂಬ ಮಾತು ಅಲ್ಲಿಂದ ಹೊರಟಿತು. 1999ರಲ್ಲಿ ಜರ್ಮನಿಯ ವಿಲ್ಕೆ ಮತ್ತು ಸಂಗಡಿಗರು ಒಬ್ಬ ಸ್ವಯಂಸೇವಕನಲ್ಲಿ ಸೆನ್ಸರ್ ಇಟ್ಟು ಅಳೆದಾಗ ಅಂಥ ವ್ಯತ್ಯಾಸ ಕಾಣಲಿಲ್ಲ. ಆದರೆ ಹಿಂದಕ್ಕೆ ಒರಗಿದಾಗ ಒತ್ತಡ ಇಳಿಯುತ್ತದೆ ಎಂಬಲ್ಲಿ ಭಿನ್ನಾಭಿಪ್ರಾಯವಿಲ್ಲ. ಆಸನಕ್ಕೂ ಬೆನ್ನೊರಗಿಗೂ ನಡುವಿನ ಕೋನ ನಾನು ಹೇಳುವುದು 100ರಿಂದ 110 ಡಿಗ್ರಿ. ಅದಕ್ಕಿಂತ ಹೆಚ್ಚು ಮಲಗಿಸಿದರೆ ಪರದೆ ನೋಡಲು ಕತ್ತನ್ನು ಮುಂದಕ್ಕೆ ಬಗ್ಗಿಸಬೇಕಾಗುತ್ತದೆ. 180 ಡಿಗ್ರಿ ಮಲಗುವ ಕುರ್ಚಿ ನಿದ್ದೆಗೆ ಸರಿ, ನಿದ್ದೆಗೆ ಮನೆಯಲ್ಲಿ ಮಂಚವಿದೆ.

ಆದರೂ ಎಲ್ಲ ಆಟಕ್ಕೂ ಒರಗು ಒದಗುವುದಿಲ್ಲ. ಕಂಟ್ರೋಲರ್ ಹಿಡಿದು ಫುಟ್‌ಬಾಲ್ ಆಡುವವರು ಒರಗಿ ಆಡಬಲ್ಲರು. ವ್ಯಾಲೊರಂಟ್‌ನಂಥ ಗುಂಡಿನ ಆಟದಲ್ಲಿ ಮೌಸನ್ನು ಇಡೀ ತೋಳಿನಿಂದ ಎಳೆಯುವವರು ಪಂದ್ಯ ಬಿಗಿಯಾದಂತೆ ಮುಂದಕ್ಕೆ ಬಾಗುತ್ತಾರೆ. ಅವರ ಬೆನ್ನನ್ನು ಕುರ್ಚಿ ಕಾಯುವುದು ಎರಡು ಸುತ್ತುಗಳ ನಡುವೆ ಮಾತ್ರ. ಇವರಿಗೆ ಆರ್ಮ್‌ರೆಸ್ಟ್ ಮೇಜಿನ ಮಟ್ಟಕ್ಕಿಂತ ಕೆಳಗೆ ಇಳಿಯಬೇಕು, ಕುರ್ಚಿ ಮೇಜಿನ ಕೆಳಗೆ ನುಗ್ಗಬೇಕು. ನಾಲ್ಕು ಬಗೆಯಲ್ಲಿ ಹೊಂದಿಸಬಹುದಾದ ಆರ್ಮ್‌ರೆಸ್ಟಿಗೆ ಹಣ ಹಾಕುವುದಕ್ಕಿಂತ ಎತ್ತರವನ್ನು ಸರಿಯಾಗಿ ಹೊಂದಿಸಿಕೊಳ್ಳಬಹುದಾದ, ಅಲುಗಾಡದ ಒಂದನ್ನು ಆರಿಸುವುದು ಲೇಸು.

ಹಣ ಹಾಕಬೇಕಾದದ್ದು ಕಣ್ಣಿಗೆ ಕಾಣದ ಕಡೆ. ಅಚ್ಚಿನಲ್ಲಿ ಎರೆದ ಫೋಮ್ ವರ್ಷಗಟ್ಟಲೆ ಆಕಾರ ಉಳಿಸಿಕೊಳ್ಳುತ್ತದೆ, ದೊಡ್ಡ ಫೋಮ್ ಹಾಳೆಯಿಂದ ಕತ್ತರಿಸಿದ ಅಗ್ಗದ ಫೋಮ್ ಬೇಗನೆ ಕುಸಿಯುತ್ತದೆ. ಅಂಗಡಿಯಲ್ಲಿ ಮುಷ್ಟಿಯಿಂದ ಒತ್ತಿ, ಕೆಳಗಿನ ಪ್ಲೈವುಡ್ ಕೈಗೆ ಸಿಕ್ಕರೆ ಎದ್ದು ಬನ್ನಿ. ಕುರ್ಚಿಯನ್ನು ಏರಿಸಿ ಇಳಿಸುವ, ಎಲ್ಲರೂ ಹೈಡ್ರಾಲಿಕ್ ಎನ್ನುವ ಕಂಬದೊಳಗೆ ಇರುವುದು ಎಣ್ಣೆಯ ಒತ್ತಡವಲ್ಲ, ಒತ್ತಿ ತುಂಬಿದ ನೈಟ್ರೋಜನ್ ಅನಿಲ; ಕೂತ ಹಾಗೇ ತಾನಾಗಿ ಇಳಿಯುವ ಕುರ್ಚಿಯಲ್ಲಿ ಆ ಅನಿಲ ಸೋರಿದೆ ಎಂದರ್ಥ, ಸಿಲಿಂಡರನ್ನಷ್ಟೇ ಬದಲಾಯಿಸಬಹುದು. ಬಿಫ್ಮಾ ಎಂಬ ಅಕ್ಷರಗಳನ್ನು ಕಂಡು ನಿಶ್ಚಿಂತರಾಗುವುದೂ ಬೇಡ. ಅದು ಅಮೆರಿಕದ ಪೀಠೋಪಕರಣ ತಯಾರಕರ ಸಂಘ. ಕಚೇರಿ ಕುರ್ಚಿಯ ಅದರ ಪರೀಕ್ಷೆ ಸುಮಾರು 125 ಕೆ.ಜಿ. ತೂಕದವರೆಗಿನ ಬಳಕೆಗೆ ಕುರ್ಚಿ ಮುರಿಯದೆ ಬಾಳುತ್ತದೆಯೇ ಎಂದು ನೋಡುವಂಥದು, ನಿಮ್ಮ ಸೊಂಟಕ್ಕೆ ಹಿತವೇ ಎಂದಲ್ಲ.

ಹೊದಿಕೆಯ ಮಾತು ಊರಿನ ಮಾತು. ಮಂಗಳೂರು, ಉಡುಪಿ, ಕಾರವಾರದ ತೇವಕ್ಕೆ ಪಾಲಿಯುರಿಥೇನ್ ಲೇಪದ ಕೃತಕ ಚರ್ಮ ನಿಧಾನವಾಗಿ ಒಡೆದು ಹಪ್ಪಳದಂತೆ ಸುಲಿಯುತ್ತದೆ. ಕಲಬುರಗಿಯ ಬೇಸಿಗೆಯಲ್ಲಿ ಅದು ಬೆನ್ನಿಗೆ ಅಂಟುತ್ತದೆ. ಎರಡು ಕಡೆಗೂ ಮೆಶ್ ಎಂಬ ಜಾಲರಿಯ ಬೆನ್ನು, ಬಟ್ಟೆಯ ಆಸನ ಒಳ್ಳೆಯ ಜೋಡಿ.

ಹತ್ತು ಸಾವಿರದೊಳಗೆ ಇವೆಲ್ಲ ಸಿಗುವುದು ಹೇಗೆ ಎಂದು ಕೇಳುವವರಿಗೆ ನನ್ನ ಮೊದಲ ಸಲಹೆ ಬಳಸಿದ ಕಚೇರಿ ಕುರ್ಚಿ. ಬೆಂಗಳೂರಿನಲ್ಲಿ ಕಂಪನಿಗಳು ಕಚೇರಿ ಖಾಲಿ ಮಾಡಿದಾಗ, ಬದಲಾಯಿಸಿದಾಗ, ಒಳ್ಳೆಯ ಕುರ್ಚಿಗಳು ಹಳೆಯ ಪೀಠೋಪಕರಣದ ಅಂಗಡಿಗೆ ಸೇರುತ್ತವೆ. ಅಲ್ಲಿ ನೋಡಬೇಕಾದದ್ದು ಹೊಳಪನ್ನಲ್ಲ, ಒರಗಿನ ಮೆಕ್ಯಾನಿಸಂ ಅನ್ನು. ಬೆನ್ನೊರಗು ಎರಡು ಪಾಲು ಹಿಂದಕ್ಕೆ ಹೋದರೆ ಆಸನ ಒಂದು ಪಾಲು ಮಾತ್ರ ಬಾಗುವ ಸಿಂಕ್ರೊ ವ್ಯವಸ್ಥೆ ಇದ್ದರೆ, ಹೊದಿಕೆ ಮಾಸಿದ್ದರೂ ಪರವಾಗಿಲ್ಲ. ಅಗ್ಗದವುಗಳಲ್ಲಿ ಆಸನವೂ ಬೆನ್ನೂ ಒಟ್ಟಿಗೇ ವಾಲುತ್ತವೆ, ಪಾದ ನೆಲ ಬಿಡುತ್ತದೆ. ಹಳೆಯದಾಗಲಿ ಹೊಸದಾಗಲಿ, ಅಂಗಡಿಯಲ್ಲಿ ಇಪ್ಪತ್ತು ನಿಮಿಷ ಕೂರಿ. ಎರಡು ನಿಮಿಷಕ್ಕೆ ಎಲ್ಲ ಕುರ್ಚಿಯೂ ಮೆತ್ತಗಿರುತ್ತದೆ.

ಆ ಹುಡುಗನ ಕುರ್ಚಿಯನ್ನು ನಾನು ಬಿಸಾಡಿಸಲಿಲ್ಲ. ಆಸನವನ್ನು 52ಕ್ಕೆ ಏರಿಸಿ, ಕಾಲುಮಣೆ ಇಡಿಸಿ, ಕತ್ತಿನ ದಿಂಬು ತೆಗೆಸಿ, ಆಸನದ ಉದ್ದ ಕಡಿಮೆಯಾಗಲೆಂದು ಬೆನ್ನ ಹಿಂದೆ ಸೊಂಟದಿಂದ ಭುಜದವರೆಗೆ ಎಂಟು ಸೆಂ.ಮೀ. ದಪ್ಪದ ಗಟ್ಟಿ ಫೋಮನ್ನು ಫೋಮ್ ಅಂಗಡಿಯಲ್ಲಿ ಕತ್ತರಿಸಿಕೊಂಡು ಹಾಕಿಸಿದೆ. ಪ್ರತಿ ಪಂದ್ಯ ಮುಗಿದಾಗ ಎದ್ದು ನೀರು ಕುಡಿದು ಬರಬೇಕೆಂಬುದು ಒಪ್ಪಂದ. 2003ರಲ್ಲಿ ನ್ಯೂಜಿಲೆಂಡ್ ವೈದ್ಯರು, ಕಂಪ್ಯೂಟರ್ ಮುಂದೆ ದಿನಕ್ಕೆ ಬಹಳ ತಾಸು ಕೂರುತ್ತಿದ್ದ 32 ವರ್ಷದ ವ್ಯಕ್ತಿಯ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿ ಶ್ವಾಸಕೋಶಕ್ಕೆ ಹೋದದ್ದನ್ನು ವರದಿ ಮಾಡಿದ್ದನ್ನು ನಾನು ಅವನಿಗೆ ಹೇಳಿದ್ದೆ. ಅಂಥದ್ದು ಅಪರೂಪವೆಂದೂ ಹೇಳಿದ್ದೆ. ಮೂರು ವಾರಕ್ಕೆ ಜೋಮು ನಿಂತಿತು, ಕತ್ತಿಗೆ ಇನ್ನೆರಡು ವಾರ ಹಿಡಿಯಿತು. ಒಟ್ಟು ಖರ್ಚು ಸಾವಿರದ ಇನ್ನೂರು ರೂಪಾಯಿ, ಅದರಲ್ಲಿ ಬಡಗಿಯ ಕೂಲಿಯೇ ಹೆಚ್ಚು.