ಡಾಂಬರು ಶಿಂಗಲ್ ತೆಗೆದು ಫೋಮ್ ಹಾಕಬಹುದೇ? ಗಾಳಿಗೆ ಹಾರಿಹೋಗದೇ?

ಓದುಗರ ಪ್ರಶ್ನೆ: ಮನೆಯ ಇಳಿಜಾರು ಛಾವಣಿಯ ಡಾಂಬರು ಶಿಂಗಲ್‌ಗಳು ಸವೆದುಹೋಗಿವೆ. ಭಾರವೂ ಜಾಸ್ತಿ, ಬಿಸಿಲು ಬಂದರೆ ಒಳಗೆ ಸೆಖೆಯೂ ಜಾಸ್ತಿ. ಅವನ್ನು ಕಿತ್ತು ಫೋಮಿನ ಹಗುರ ಸಾಮಗ್ರಿ ಹಾಕಿಸಬಹುದೇ? ಅಷ್ಟು ಹಗುರವಾದದ್ದು ಜೋರು ಗಾಳಿಗೆ ನಿಲ್ಲುತ್ತದೆಯೇ?

ಉತ್ತರ: ಹಾಕಿಸಬಹುದು, ಸರಿಯಾಗಿ ಕೂರಿಸಿದರೆ ಗಾಳಿಗೂ ನಿಲ್ಲುತ್ತದೆ. ಆದರೆ ಬರೀ ಫೋಮ್ ಛಾವಣಿಯಾಗುವುದಿಲ್ಲ. ಶಿಂಗಲ್ ಎಂದರೆ ಗಾಜಿನ ನಾರಿನ ಹಾಸು, ಅದರ ಎರಡೂ ಬದಿಗೆ ಸುಣ್ಣಕಲ್ಲಿನ ಪುಡಿ ಬೆರೆಸಿದ ಡಾಂಬರು, ಮೇಲೆ ಕಲ್ಲಿನ ಹರಳು. ಈ ಹರಳು ಅಲಂಕಾರಕ್ಕಲ್ಲ. ಬಿಸಿಲಿನ ನೇರಳಾತೀತ ಕಿರಣ ಡಾಂಬರನ್ನು ಒಣಗಿಸಿ ಬಿರುಕು ಬಿಡಿಸದಂತೆ ತಡೆಯುವುದು ಅದೇ. ಮಳೆ, ಬಿಸಿಲು, ಬೆಂಕಿ ಮೂರನ್ನೂ ಶಿಂಗಲ್ ತಕ್ಕಮಟ್ಟಿಗೆ ತಡೆಯುತ್ತದೆ, ಶಾಖವನ್ನು ಮಾತ್ರ ಬಹುತೇಕ ತಡೆಯುವುದಿಲ್ಲ. ಫೋಮಿನದು ಇದಕ್ಕೆ ತದ್ವಿರುದ್ಧ. ಶಾಖ ತಡೆಯುವುದರಲ್ಲಿ ಅದನ್ನು ಮೀರಿಸುವುದು ಕಷ್ಟ, ಉಳಿದ ಮೂರಕ್ಕೆ ಅದರ ಮೇಲೊಂದು ಹೊದಿಕೆ ಬೇಕೇ ಬೇಕು. ಹಾಗಾಗಿ ಯಾವ ಫೋಮ್ ಎಂಬುದಕ್ಕಿಂತ ಅದರ ಮೇಲೆ ಏನಿದೆ ಎಂದು ಮೊದಲು ಕೇಳಬೇಕು.

ತೂಕದ ಲೆಕ್ಕ ನೋಡೋಣ. ಶಿಂಗಲ್ ಚದರ ಮೀಟರಿಗೆ ಸುಮಾರು 10ರಿಂದ 17 ಕಿಲೋ ತೂಗುತ್ತದೆ. ಸ್ಥಳದಲ್ಲೇ ಸಿಂಪಡಿಸುವ ಪಾಲಿಯುರೆಥೇನ್ ಫೋಮಿನ ಸಾಂದ್ರತೆ ಛಾವಣಿ ಕೆಲಸಕ್ಕೆ ಘನ ಮೀಟರಿಗೆ ಸುಮಾರು 45 ಕಿಲೋ. 40 ಮಿ.ಮೀ. ದಪ್ಪ ಹಾಕಿದರೆ 1.8 ಕಿಲೋ ಆಯಿತು. ಮೇಲಿನ ಕೋಟಿಂಗ್, ಅದರ ಮೇಲೆ ಎರಚುವ ಹರಳು ಸೇರಿದರೂ 5 ಕಿಲೋ ಆಸುಪಾಸು. ಎರಡು ಉಕ್ಕಿನ ತಗಡುಗಳ ನಡುವೆ ಫೋಮ್ ತುಂಬಿದ ಪಫ್ ಪ್ಯಾನೆಲ್‌ನ ಕಥೆ ಬೇರೆ. 0.5 ಮಿ.ಮೀ. ತಗಡು ಎರಡಕ್ಕೇ ಸುಮಾರು 8 ಕಿಲೋ, 40 ಮಿ.ಮೀ. ಫೋಮ್ ಸೇರಿ ಹತ್ತರ ಹತ್ತಿರ. ಹಗುರವಾದ ಶಿಂಗಲ್‌ಗಿಂತ ಇದೇನೂ ಕಡಿಮೆಯಲ್ಲ. ಆದರೆ ಪ್ಯಾನೆಲ್ ನೇರವಾಗಿ ಪರ್ಲಿನ್ (ಛಾವಣಿಯ ಅಡ್ಡ ತೊಲೆ) ಮೇಲೆ ಕೂರುತ್ತದೆ. ಶಿಂಗಲ್‌ನ ಕೆಳಗೆ ಬೇಕಾದ ಪ್ಲೈವುಡ್ ಹಲಗೆಯ ಭಾರ ಇಲ್ಲಿಲ್ಲ, ಉಳಿತಾಯವಾಗುವುದು ಅಲ್ಲಿ.

ಇನ್ನು ಗಾಳಿ. ಹಗುರವಾದದ್ದು ಬೇಗ ಹಾರುತ್ತದೆ ಎಂಬ ಭಯ ಸಹಜವೇ, ಆದರೆ ಲೆಕ್ಕ ಹಾಕಿದರೆ ಆ ಭಯ ಉಳಿಯುವುದಿಲ್ಲ. ಗಂಟೆಗೆ 144 ಕಿ.ಮೀ. ವೇಗದ ಗಾಳಿಯ ಒತ್ತಡ ಚದರ ಮೀಟರಿಗೆ ಸುಮಾರು 98 ಕಿಲೋ ತೂಕಕ್ಕೆ ಸಮ. ಛಾವಣಿಯ ಅಂಚು, ಮೂಲೆಗಳಲ್ಲಿ ಮೇಲಕ್ಕೆಳೆಯುವ ಬಲ ಇದರ ಎರಡು ಪಟ್ಟಾಗಬಹುದು. ಇನ್ನೂರು ಕಿಲೋ ಎಳೆತದ ಮುಂದೆ 12 ಕಿಲೋ ಶಿಂಗಲ್ ಆದರೇನು, 5 ಕಿಲೋ ಫೋಮ್ ಆದರೇನು? ಶಿಂಗಲ್ ನಿಲ್ಲುವುದು ಮೊಳೆ ಮತ್ತು ಅಂಟುಪಟ್ಟಿಯಿಂದ, ಪ್ಯಾನೆಲ್ ಸ್ಕ್ರೂಗಳಿಂದ, ಸಿಂಪಡಿಸಿದ ಫೋಮ್ ತನ್ನದೇ ಅಂಟಿನಿಂದ. ಪೂರ್ತಿ ಅಂಟಿಕೊಂಡ ಫೋಮಿಗೆ ಗಾಳಿ ಹಿಡಿದೆಳೆಯಲು ಸಡಿಲ ಅಂಚೇ ಇರದ ಕಾರಣ ಬಿರುಗಾಳಿಯಲ್ಲಿ ಅದು ಚೆನ್ನಾಗಿಯೇ ಉಳಿಯುತ್ತದೆ. ಕಿತ್ತುಬಂದರೆ ಸಾಮಾನ್ಯವಾಗಿ ಧೂಳಿನ ಮೇಲೋ ತೇವದ ಮೇಲೋ ಸಿಂಪಡಿಸಿರುತ್ತಾರೆ.

ಸಿಂಪಡಿಸುವ ಫೋಮ್ ಕೆಟ್ಟುಹೋಗುವ ದಾರಿಗಳು ಬಹಳ. ಐಸೊಸಯನೇಟ್ ಮತ್ತು ಪಾಲಿಯಾಲ್ ಎಂಬ ಎರಡು ದ್ರವಗಳನ್ನು ಸಮ ಪ್ರಮಾಣದಲ್ಲಿ, 50ರಿಂದ 60 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ, ಗನ್ನಿನ ತುದಿಯಲ್ಲಿ ಬೆರೆಸಿ ಚಿಮ್ಮಿಸುತ್ತಾರೆ. ಕೆಲವೇ ಸೆಕೆಂಡುಗಳಲ್ಲಿ ಅದು ಸುಮಾರು 25 ಪಟ್ಟು ಉಬ್ಬಿ ಗಟ್ಟಿಯಾಗುತ್ತದೆ. ಐಸೊಸಯನೇಟ್ ಹೆಚ್ಚಾದರೆ ಫೋಮ್ ಪೆಡಸಾಗಿ ಪುಡಿಪುಡಿಯಾಗುತ್ತದೆ, ಪಾಲಿಯಾಲ್ ಹೆಚ್ಚಾದರೆ ಮೆತ್ತಗಾಗಿ ಹಿಸುಕಿದರೆ ತಗ್ಗುತ್ತದೆ. ಒಂದು ಪದರ 12ರಿಂದ 38 ಮಿ.ಮೀ. ಒಳಗಿರಬೇಕು. ಬೇಗ ಮುಗಿಸಲೆಂದು ಒಮ್ಮೆಗೇ ದಪ್ಪ ಸಿಂಪಡಿಸಿದರೆ ರಾಸಾಯನಿಕ ಕ್ರಿಯೆಯ ಬಿಸಿ ಹೊರಹೋಗಲಾಗದೆ ಒಳಗೇ ಕಂದುತ್ತದೆ, ತೀರಾ ದಪ್ಪವಾದರೆ ಹೊತ್ತಿಕೊಂಡೀತು. ಫೋಮ್ ಕೂರುವ ನೆಲೆ ಒಣಗಿರಬೇಕು, ಅದರ ಉಷ್ಣಾಂಶ ಇಬ್ಬನಿ ಬಿಂದುವಿಗಿಂತ (ಗಾಳಿಯ ತೇವ ಹನಿಗಟ್ಟುವ ಉಷ್ಣಾಂಶ) ಕನಿಷ್ಠ 3 ಡಿಗ್ರಿ ಮೇಲಿರಬೇಕು. ಕಣ್ಣಿಗೆ ಕಾಣದ ತೇವವೂ ಐಸೊಸಯನೇಟ್ ಜೊತೆ ಸೇರಿ ಅನಿಲ ಹುಟ್ಟಿಸಿ ಅಂಟನ್ನು ಹಾಳುಮಾಡುತ್ತದೆ, ಮುಂದೆ ಅಲ್ಲೇ ಗುಳ್ಳೆ ಏಳುತ್ತದೆ.

ಗಟ್ಟಿಯಾದ ಮೇಲೆ ಮೇಲ್ಮೈ ನೋಡಿ. ಕಿತ್ತಳೆ ಸಿಪ್ಪೆಯಷ್ಟು ಒರಟಾಗಿದ್ದರೆ ಸರಿ. ಮರದ ತೊಗಟೆಯಂತೆ ಸೀಳು, ಗುಂಡಿ ಇದ್ದರೆ ಒಪ್ಪಿಕೊಳ್ಳಬೇಡಿ, ಎಷ್ಟು ಬಳಿದರೂ ಕೋಟಿಂಗ್ ಆ ಸಂದುಗಳೊಳಗೆ ಇಳಿಯುವುದಿಲ್ಲ. ಅನುಮಾನವಿದ್ದರೆ ಒಂದೆರಡು ಕಡೆ ಸಣ್ಣ ತುಂಡು ಕೊರೆದು ತೆಗೆಸಿ. ಪದರಗಳು ಬೆರಳಿಗೆ ಬಿಟ್ಟುಕೊಂಡರೆ, ನಡುವೆ ಗಾಜಿನಂಥ ಗೆರೆಯೋ ಕಂದು ಪಟ್ಟಿಯೋ ಕಂಡರೆ ಕೆಲಸ ಕೆಟ್ಟಿದೆ. ಕೊರೆದ ತೂತಿಗೆ ಸೀಲೆಂಟ್ ತುಂಬಿದರಾಯಿತು.

ಬಿಸಿಲಿಗೆ ಬಿಟ್ಟ ಫೋಮ್ ಕೆಲವೇ ದಿನಗಳಲ್ಲಿ ಬಣ್ಣಗೆಟ್ಟು ಪುಡಿ ಉದುರಿಸತೊಡಗುತ್ತದೆ. ಕೋಟಿಂಗ್ ಆದಷ್ಟೂ ಅದೇ ದಿನ ಆಗಬೇಕು, ಎಷ್ಟೇ ತಡವಾದರೂ 72 ಗಂಟೆ ದಾಟಬಾರದು. ಒಣಗಿದ ಪದರ 0.5ರಿಂದ 0.75 ಮಿ.ಮೀ. ಇರಲಿ. ಡಬ್ಬಿಯಲ್ಲಿ ಘನಾಂಶ ಶೇ. 60 ಎಂದಿದ್ದರೆ 0.75 ಮಿ.ಮೀ. ಬರಲು ಚದರ ಮೀಟರಿಗೆ 1.25 ಲೀಟರ್ ಬೇಕು. ಒರಟು ಮೇಲ್ಮೈಗೆ ಇನ್ನೂ ಸ್ವಲ್ಪ ಜಾಸ್ತಿ ಹಿಡಿಯುತ್ತದೆ. ಎರಡು ಸಲ, ಎರಡು ಬೇರೆ ಬಣ್ಣಗಳಲ್ಲಿ ಬಳಿಸಿದರೆ ಬಿಟ್ಟುಹೋದ ಜಾಗ ತಾನಾಗಿ ಕಾಣುತ್ತದೆ. ನೀರು ನಿಲ್ಲುವ ಕಡೆ ಸಿಲಿಕೋನ್ ಬಳಸಿ, ನಿಂತ ನೀರಿಗೆ ಅಕ್ರಿಲಿಕ್ ತಾಳುವುದಿಲ್ಲ. ಮುಂದೆ ಹತ್ತು ಹದಿನೈದು ವರ್ಷಕ್ಕೊಮ್ಮೆ, ಫೋಮ್ ಇಣುಕುವ ಮೊದಲೇ, ಮತ್ತೊಂದು ಕೋಟಿಂಗ್ ಆಗಬೇಕು.

ಹಳೆಯ ಶಿಂಗಲ್ ಮೇಲೆಯೇ ಸಿಂಪಡಿಸಿಬಿಡೋಣ ಎನ್ನುವವರೂ ಇದ್ದಾರೆ. ಬೇಡ. ಉದುರುವ ಹರಳಿಗೆ ಅಂಟಿದ ಫೋಮ್ ಆ ಹರಳಿನಷ್ಟೇ ಗಟ್ಟಿ, ಜೊತೆಗೆ ಕೆಳಗೆ ತೇವವಿದ್ದರೆ ಹಲಗೆ ಕೊಳೆಯುವುದು ಯಾರ ಕಣ್ಣಿಗೂ ಬೀಳುವುದಿಲ್ಲ. ಎಲ್ಲವನ್ನೂ ಕಿತ್ತು, ಹಲಗೆ ಒಣಗಿಸಿ, ಕೊಳೆತದ್ದನ್ನು ಬದಲಿಸಿದ ನಂತರವೇ ಗನ್ ಹಿಡಿಯಬೇಕು.

ಪಫ್ ಪ್ಯಾನೆಲ್‌ನಲ್ಲಿ ಫೋಮ್ ಕಾರ್ಖಾನೆಯಲ್ಲೇ ತಯಾರಾಗಿ ಬರುವುದರಿಂದ ಈ ತಲೆನೋವಿಲ್ಲ, ತಪ್ಪಾಗುವುದು ಜೋಡಣೆಯಲ್ಲಿ. ಸ್ಕ್ರೂ ಏಣಿನ ಮೇಲೆ ಬೀಳಬೇಕು, ನೀರು ಹರಿಯುವ ತಗ್ಗಿನಲ್ಲಲ್ಲ. ರಬ್ಬರ್ ವಾಷರ್ ಕೊಂಚ ಒತ್ತಿಕೊಳ್ಳುವಷ್ಟು ಮಾತ್ರ ಬಿಗಿ ಮಾಡಿ, ಅತಿಯಾದರೆ ತಗಡು ಕುಸಿದು ಸ್ಕ್ರೂ ಸುತ್ತ ನೀರು ನಿಲ್ಲುತ್ತದೆ. ಪಕ್ಕದ ಜೋಡಣೆಗೆ ನೀರು ತಡೆಯುವ ಬ್ಯುಟೈಲ್ ಅಂಟುಟೇಪ್ ಹಾಕಿ. ಕತ್ತರಿಸಲು ಗ್ರೈಂಡರ್ ಬಳಸಲು ಬಿಡಬೇಡಿ: ಕಾದ ಕಬ್ಬಿಣದ ಚೂರುಗಳು ಬಣ್ಣಕ್ಕೆ ಅಂಟಿ, ಒಂದು ಮಳೆ ಬಂದರೆ ಛಾವಣಿಯೆಲ್ಲ ತುಕ್ಕಿನ ಚುಕ್ಕಿ. ಅಂಚಿನ ಫೋಮ್ ಸುಟ್ಟುಹೋಗುವುದೂ ಇದೆ. ಗರಗಸದಿಂದ ಕೊಯ್ದು, ಸೂರಿನ ಕಡೆ ತೆರೆದ ಅಂಚಿಗೆ ಫ್ಲಾಶಿಂಗ್ (ತಗಡಿನ ಮುಚ್ಚುಪಟ್ಟಿ) ಹೊಡೆಸಿ, ಇಲ್ಲದಿದ್ದರೆ ಇರುವೆಗಳೂ ಹಕ್ಕಿಗಳೂ ಫೋಮಿನಲ್ಲಿ ಮನೆ ಮಾಡುತ್ತವೆ.

ಥರ್ಮಾಕೋಲ್ ಹಾಳೆ ಸಾಲದೇ ಎಂದರೆ, ಹೊರಗಿನ ಹೊದಿಕೆಯ ತೀರಾ ಹತ್ತಿರಕ್ಕೆ ಅದು ಬೇಡ. ಬಿಸಿಲಿನಲ್ಲಿ ಗಾಢ ಬಣ್ಣದ ಛಾವಣಿ 70ರಿಂದ 80 ಡಿಗ್ರಿ ಮುಟ್ಟುತ್ತದೆ, ಥರ್ಮಾಕೋಲ್ ದೀರ್ಘಕಾಲ ತಾಳುವ ಮಿತಿಯೂ ಅಲ್ಲೇ ಇದೆ. ಕಾದ ಡಾಂಬರು ತಾಗಿದರೆ ಕರಗಿಹೋಗುತ್ತದೆ, ಥಿನ್ನರ್ ಇರುವ ಪ್ರೈಮರ್ ಅದನ್ನು ತಿಂದುಹಾಕುತ್ತದೆ. ಪಾಲಿಯುರೆಥೇನ್ ಮತ್ತು ಅದರ ಹತ್ತಿರದ ಸಂಬಂಧಿಯಾದ ಪಿಐಆರ್ (ಪಾಲಿಐಸೊಸಯನುರೇಟ್) ಫೋಮ್ ಹಾಗಲ್ಲ, ಶಾಖಕ್ಕೆ ಕರಗುವ ಜಾತಿಯೇ ಅಲ್ಲ.

ಬೆಂಕಿಯ ವಿಷಯದಲ್ಲಿ ಮಾತ್ರ ರಾಜಿ ಬೇಡ. ಥರ್ಮಾಕೋಲ್ ಕರಗಿ ಉರಿಯುತ್ತಲೇ ತೊಟ್ಟಿಕ್ಕುತ್ತದೆ. ಪಿಐಆರ್ ಹೊರಮೈಯಲ್ಲಿ ಇದ್ದಿಲಿನ ಪದರ ಕಟ್ಟಿಕೊಂಡು ಸ್ವಲ್ಪ ಕಾಲ ತಡೆಯುತ್ತದೆ, ಆದರೂ ಅದರ ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್, ಹೈಡ್ರೋಜನ್ ಸಯನೈಡ್ ಎರಡೂ ಇರುತ್ತವೆ. ಮನೆಯೊಳಗಿನಿಂದ ಫೋಮ್ ಬರಿದಾಗಿ ಕಾಣುವಂತಿದ್ದರೆ 12.5 ಮಿ.ಮೀ. ಜಿಪ್ಸಮ್ ಬೋರ್ಡಿನಿಂದ ಮುಚ್ಚಿಸಿ. ಪರೀಕ್ಷಾ ವರದಿ ಕೇಳುವಾಗ ಹಲಗೆ, ಫೋಮ್, ಕೋಟಿಂಗ್ ಮೂರನ್ನೂ ಒಟ್ಟಿಗಿಟ್ಟು, ನಿಮ್ಮ ಛಾವಣಿಯ ಇಳಿಜಾರಿನಲ್ಲೇ ಪರೀಕ್ಷಿಸಿದ ವರದಿ ಕೇಳಿ. ಬರೀ ಫೋಮ್ ತುಂಡಿನ ವರದಿ ತೋರಿಸಿದರೆ ಅದಕ್ಕೆ ಬೆಲೆಯಿಲ್ಲ. ಫೋಮ್ ಉಬ್ಬಿಸಿದ ಅನಿಲ ಯಾವುದೆಂದೂ ಕೇಳಿ: ಹಳೆಯ ಎಚ್‌ಎಫ್‌ಸಿ–245ಎಫ್‌ಎ ಇಂಗಾಲದ ಡೈಆಕ್ಸೈಡ್‌ಗಿಂತ ಸಾವಿರ ಪಟ್ಟಿನಷ್ಟು ಭೂಮಿಯನ್ನು ಬಿಸಿಮಾಡುತ್ತದೆ. 2016ರ ಕಿಗಾಲಿ ತಿದ್ದುಪಡಿ ಎಂಬ ಅಂತರರಾಷ್ಟ್ರೀಯ ಒಪ್ಪಂದ ಇಂಥ ಅನಿಲಗಳನ್ನು ಹಂತಹಂತವಾಗಿ ಕಡಿಮೆ ಮಾಡುವುದಕ್ಕೇ ಬಂದದ್ದು, ಬದಲಿಗೆ ಭೂಮಿಯನ್ನು ತೀರಾ ಕಡಿಮೆ ಬಿಸಿಮಾಡುವ ಎಚ್‌ಎಫ್‌ಒ ಸಿಗುತ್ತದೆ.

ನಮ್ಮ ಸಲಹೆ ಇಷ್ಟು. ಉದ್ದಕ್ಕೆ ಒಂದೇ ಇಳಿಜಾರಿನ ಸರಳ ಛಾವಣಿಗೆ ಪಿಐಆರ್ ಪ್ಯಾನೆಲ್. ಶಿಂಗಲ್ ನಿಲ್ಲದಷ್ಟು ಸಮತಟ್ಟಾದ, ಶೇ. 2ರಷ್ಟೇ ಇಳಿಜಾರಿರುವ ಕಡೆ ಸಿಂಪಡಿಸುವ ಫೋಮ್. ಕಡಿದಾದ ಛಾವಣಿಗೆ ಅದು ಅಂಟುತ್ತದಾದರೂ ಏರುತಗ್ಗು ರಸ್ತೆಯಿಂದಲೇ ಕಾಣುತ್ತದೆ. ಚಿಮಣಿ, ಕಿಟಕಿ, ನಾಲ್ಕಾರು ಕಡೆ ಕೂಡುವ ಇಳಿಜಾರುಗಳು ತುಂಬಿದ ಛಾವಣಿಯಾದರೆ ಹೊಸ ಶಿಂಗಲ್ಲೇ ಹಾಕಿಸಿ, ಫೋಮ್ ಹಾಳೆಯನ್ನು ಹಲಗೆಯ ಕೆಳಗೆ, ರಾಫ್ಟರುಗಳ (ಛಾವಣಿ ಹೊರುವ ಇಳಿಜಾರು ತೊಲೆಗಳ) ನಡುವೆ ಕೊಡಿಸಿ. ಸೆಖೆ ಅಷ್ಟರಿಂದಲೇ ಬಹುಮಟ್ಟಿಗೆ ಇಳಿಯುತ್ತದೆ.