ಎತ್ತಿನ ತೊಗಲಿನ ಮೇಲಿನ ಅಂಕಿ

ಪತ್ರಾಗಾರದ ವಿಚಾರಣಾ ಮೇಜಿನ ಹಿಂದೆ ಕುಳಿತವರಿಗೆ ಸೆಪ್ಟೆಂಬರ್ ಬಂತೆಂದು ತಿಳಿಯಲು ಕ್ಯಾಲೆಂಡರ್ ನೋಡಬೇಕಾಗಿಲ್ಲ. ಟೆಕ್ಸಾಸಿನಲ್ಲಿ ಕಾಲೇಜು ಫುಟ್‌ಬಾಲಿನ ಋತು ಆರಂಭವಾದೊಡನೆ ಹಳೆಯ ವಿದ್ಯಾರ್ಥಿಗಳು, ಅವರ ಮಕ್ಕಳು, ಕೆಲವೊಮ್ಮೆ ಪತ್ರಕರ್ತರು, ಹೆಚ್ಚುಕಡಿಮೆ ಒಂದೇ ಪ್ರಶ್ನೆಯನ್ನು ಹೊತ್ತು ಬರುತ್ತಾರೆ: ನಮ್ಮ ತಂಡದ ಈ ಸಂಪ್ರದಾಯ ಶುರುವಾದದ್ದು ಯಾವಾಗ? (ಇಲ್ಲಿ ಫುಟ್‌ಬಾಲ್ ಎಂದರೆ ನಮ್ಮೂರಿನ ಕಾಲ್ಚೆಂಡಾಟವಲ್ಲ, ಎರಡೂ ತುದಿ ಚೂಪಾದ ಚೆಂಡನ್ನು ಕೈಯಲ್ಲಿ ಅವುಚಿಕೊಂಡು ಓಡುವ, ಎಸೆಯುವ ಆಟ.) ಆ ಒಂದು ಪ್ರಶ್ನೆಯೊಳಗೆ ಎರಡು ಪ್ರಶ್ನೆಗಳಿವೆ ಎಂಬುದನ್ನು ನಾನು ಈ ಕೆಲಸದಲ್ಲಿ ನಿಧಾನವಾಗಿ ಕಲಿತೆ. ಘಟನೆ ನಡೆದದ್ದು ಯಾವಾಗ ಎಂಬುದು ಒಂದು; ಅದರ ಕಥೆಯನ್ನು ಜನ ಹೇಳತೊಡಗಿದ್ದು ಯಾವಾಗ ಎಂಬುದು ಇನ್ನೊಂದು. ಶಾಸನವನ್ನೂ ಸ್ಥಳಪುರಾಣವನ್ನೂ ಪಕ್ಕಪಕ್ಕದಲ್ಲಿಟ್ಟು ಓದಿದವರಿಗೆ ಈ ಭೇದವನ್ನು ವಿವರಿಸಬೇಕಾಗಿಲ್ಲ.

ಆಸ್ಟಿನ್ ನಗರದ ಟೆಕ್ಸಾಸ್ ವಿಶ್ವವಿದ್ಯಾಲಯದ ತಂಡಕ್ಕೆ ಲಾಂಗ್‌ಹಾರ್ನ್ಸ್ ಎಂದು ಹೆಸರು. ಅದರ ಲಾಂಛನ ಉದ್ದ ಕೊಂಬಿನ ಜೀವಂತ ಎತ್ತು, ಆ ಎತ್ತಿನ ಹೆಸರು ಬೀವೊ. ನೂರು ಮೈಲಿಯಷ್ಟು ದೂರದ ಟೆಕ್ಸಾಸ್ ಎ ಆ್ಯಂಡ್ ಎಂ ಅದರ ಹಳೆಯ ಎದುರಾಳಿ. ಹೆಸರಿನ ಕಥೆಯನ್ನು ಅಲ್ಲಿ ಮಕ್ಕಳೂ ಬಲ್ಲರು. 1915ರಲ್ಲಿ ಎ ಆ್ಯಂಡ್ ಎಂ ತಂಡ 13–0 ಅಂತರದಿಂದ ಟೆಕ್ಸಾಸನ್ನು ಸೋಲಿಸಿತ್ತು. ಅದನ್ನು ಎಂದೆಂದಿಗೂ ನೆನಪಿಸಲೆಂದು ಅಲ್ಲಿಯ ವಿದ್ಯಾರ್ಥಿಗಳು ರಾತ್ರೋರಾತ್ರಿ ನುಗ್ಗಿ ಎತ್ತಿನ ಮೈಮೇಲೆ ಆ ಅಂಕಿಗಳನ್ನು ಬರೆ ಹಾಕಿದರು. ಅವಮಾನಗೊಂಡ ಟೆಕ್ಸಾಸಿನವರು ಜಾಣತನದಿಂದ 1 ಮತ್ತು 3ನ್ನು ಕೂಡಿಸಿ ‘ಬಿ’ ಮಾಡಿ, ನಡುವಿನ ಅಡ್ಡಗೆರೆಯನ್ನು ‘ಇ’ ಮಾಡಿ, ಒಂದು ‘ವಿ’ ತುರುಕಿ, ಸೊನ್ನೆಯನ್ನು ‘ಓ’ ಎಂದು ಹಾಗೆಯೇ ಉಳಿಸಿಕೊಂಡರು. ಅಲ್ಲಿಂದ ಬೀವೊ ಎಂಬ ಹೆಸರು ಹುಟ್ಟಿತು. ಕೇಳಲು ಎಷ್ಟು ಸೊಗಸಾಗಿದೆಯೆಂದರೆ ಸುಳ್ಳಿರಬಹುದೆಂಬ ಅನುಮಾನ ಅಲ್ಲಿಯೇ ಮೂಡಬೇಕು.

ಈ ಕಥೆಯನ್ನು ಕೆಡವಲು ದೊಡ್ಡ ವಿದ್ವತ್ತು ಬೇಕಾಗಿಲ್ಲ, ದಿನಾಂಕಗಳನ್ನು ಸಾಲಾಗಿ ಜೋಡಿಸಿದರೆ ಸಾಕು. ಸ್ಟೀಫನ್ ಪಿಂಕ್ನಿ ಎಂಬ ಹಳೆಯ ವಿದ್ಯಾರ್ಥಿ 124 ಜನರಿಂದ ತಲಾ ಒಂದು ಡಾಲರ್ ಕೂಡಿಸಿ ತಂದ ಎತ್ತು ಮೈದಾನದಲ್ಲಿ ಮೊದಲು ಕಾಣಿಸಿಕೊಂಡದ್ದು 1916ರ ಥ್ಯಾಂಕ್ಸ್‌ಗಿವಿಂಗ್ (ನವೆಂಬರ್ ಕೊನೆಯ ಅಮೆರಿಕನ್ ಹಬ್ಬ) ದಿನ. ಆ ಪಂದ್ಯವನ್ನು ಟೆಕ್ಸಾಸ್ 21–7ರಿಂದ ಗೆದ್ದಿತು. ಹಳೆಯ ವಿದ್ಯಾರ್ಥಿಗಳ ‘ಆಲ್ಕಾಲ್ಡೆ’ ಪತ್ರಿಕೆಯ ಸಂಪಾದಕ ಬೆನ್ ಡೈಯರ್ ಆ ಎತ್ತಿನ ಹೆಸರು ಬೀವೊ ಎಂದು ಅಚ್ಚುಹಾಕಿದ್ದು 1916ರ ಡಿಸೆಂಬರ್ ಸಂಚಿಕೆಯಲ್ಲಿ. ಎದುರಾಳಿಗಳು ಬರೆ ಹಾಕಿದ್ದು 1917ರ ಫೆಬ್ರುವರಿ 12ರಂದು. ನಾಮಕರಣವಾಗಿ ಎರಡು ತಿಂಗಳಾದ ಮೇಲೆ ಬಿದ್ದ ಬರೆಯಿಂದ ಹೆಸರು ಹುಟ್ಟುವುದು ಹೇಗೆ?

ಇನ್ನೊಂದು ಪುರಾವೆಯಂತೂ ನನ್ನ ವೃತ್ತಿಯವರ ಬಾಯಲ್ಲಿ ನೀರೂರಿಸುವಂಥದ್ದು. ಮಹಾಯುದ್ಧದ ದಿನಗಳಲ್ಲಿ ಆ ಎತ್ತನ್ನು ಸಾಕುವ ಖರ್ಚು ಭಾರವಾಗಿ, ಕೊನೆಗೆ 1920ರ ಜನವರಿಯಲ್ಲಿ ಅದನ್ನು ಕೊಂದು ಫುಟ್‌ಬಾಲ್ ತಂಡದ ಔತಣಕ್ಕೆ ಬಡಿಸಿದರು. (ಲಾಂಛನವನ್ನು ತಿಂದು ಮುಗಿಸಿದ ತಂಡಗಳು ಜಗತ್ತಿನಲ್ಲಿ ಹೆಚ್ಚಿರಲಾರವು.) ಔತಣಕ್ಕೆ ಎ ಆ್ಯಂಡ್ ಎಂ ಪ್ರತಿನಿಧಿಗಳನ್ನೂ ಕರೆದಿದ್ದರು, ಬರೆ ಬಿದ್ದ ಮಗ್ಗುಲಿನ ತೊಗಲನ್ನು ಅವರಿಗೇ ಕಾಣಿಕೆಯಾಗಿ ಕೊಟ್ಟರು. ಆ ತೊಗಲಿನ ಮೇಲೆ 13–0 ಎಂದೇ ಇತ್ತು. ತಿದ್ದುಪಡಿ ನಡೆದೇ ಇರಲಿಲ್ಲ. ಹಾಗಾದರೆ ಹೆಸರು ಬಂದದ್ದೆಲ್ಲಿಂದ ಎಂಬುದಕ್ಕೆ ಎರಡು ಅಭಿಪ್ರಾಯಗಳಿವೆ: ಆಗ ಮಾರುಕಟ್ಟೆಯಲ್ಲಿದ್ದ ಬೀವೊ ಎಂಬ ಮದ್ಯರಹಿತ ಪಾನೀಯದಿಂದ ಎಂದು ಕೆಲವರು, ದನಕ್ಕೆ ಹೇಳುವ ‘ಬೀವ್’ ಎಂಬ ಹಳೆಯ ಮಾತಿಗೆ ಆ ಕಾಲದ ತಮಾಷೆಯ ‘ಓ’ ಸೇರಿತು ಎಂದು ಕೆಲವರು. ಅದನ್ನು ತೀರ್ಮಾನಿಸುವ ಕಾಗದ ಇನ್ನೂ ನನ್ನ ಕೈಗೆ ಬಂದಿಲ್ಲವಾದ್ದರಿಂದ ಕೇಳಿದವರಿಗೆ ಎರಡನ್ನೂ ಹೇಳಿ ಸುಮ್ಮನಾಗುತ್ತೇನೆ.

ಎದುರಾಳಿಗಳ ಅಂಗಳದಲ್ಲೂ ಇಂಥದೇ ಒಂದು ಪಾಠವಿದೆ. ಕ್ರಿಕೆಟ್ ಬಲ್ಲ ನಮಗೆ ಹನ್ನೆರಡನೆಯ ಆಟಗಾರನೆಂದರೆ ನೀರು ಹೊತ್ತು ತರುವವನು. ಎ ಆ್ಯಂಡ್ ಎಂನಲ್ಲಿ ಆತ ಹೆಚ್ಚುಕಡಿಮೆ ಕುಲದೈವ. 1922ರ ಜನವರಿ 2ರಂದು ಡಲ್ಲಾಸಿನಲ್ಲಿ, ಹಿಂದಿನ ಅಕ್ಟೋಬರಿನಲ್ಲಷ್ಟೇ ಹಾರ್ವರ್ಡನ್ನು ಮಣಿಸಿದ್ದ ಸೆಂಟರ್ ಕಾಲೇಜಿನ ಎದುರು ಆಡುವಾಗ ಎ ಆ್ಯಂಡ್ ಎಂ ಆಟಗಾರರು ಒಬ್ಬೊಬ್ಬರಾಗಿ ಗಾಯಗೊಂಡರು. ಬಾಸ್ಕೆಟ್‌ಬಾಲಿಗಾಗಿ ಫುಟ್‌ಬಾಲ್ ಬಿಟ್ಟು, ಅಂದು ಪತ್ರಕರ್ತರ ಪಕ್ಕ ಕುಳಿತು ಆಟಗಾರರನ್ನು ಗುರುತಿಸಿ ಹೇಳುತ್ತಿದ್ದ ಇ. ಕಿಂಗ್ ಗಿಲ್ ಎಂಬ ವಿದ್ಯಾರ್ಥಿಯನ್ನು ತರಬೇತುದಾರ ಡೇನಾ ಬೈಬಲ್ ಕೆಳಗೆ ಕರೆಸಿದರು. ಗಿಲ್ ಗಾಯಾಳುವೊಬ್ಬನ ಸಮವಸ್ತ್ರ ತೊಟ್ಟು ಮೈದಾನದಂಚಿನಲ್ಲಿ ಸಿದ್ಧವಾಗಿ ನಿಂತರು. ತಂಡ 22–14ರಿಂದ ಗೆದ್ದಿತು, ಗಿಲ್ ಕಾಲಿಡುವ ಪ್ರಸಂಗವೇ ಬರಲಿಲ್ಲ. ಇಂದಿಗೂ ಅಲ್ಲಿನ ವಿದ್ಯಾರ್ಥಿಗಳು ಪಂದ್ಯದುದ್ದಕ್ಕೂ ಕುಳಿತುಕೊಳ್ಳದೆ ನಿಂತೇ ಇರುವುದು ಆ ಸಿದ್ಧತೆಯ ನೆನಪಿಗೆ.

ಇಲ್ಲಿ ಘಟನೆ ನಿಜ. ಆದರೆ ‘ಹನ್ನೆರಡನೆಯವ’ ಎಂಬ ಮಾತು ಗಿಲ್ ಅವರಿಂದ ಹುಟ್ಟಿದ್ದಲ್ಲ; ಪ್ರೇಕ್ಷಕರನ್ನು ತಂಡದ ಹನ್ನೆರಡನೆಯವರೆಂದು 1900ರಲ್ಲೇ ಮಿನ್ನೆಸೋಟ ವಿಶ್ವವಿದ್ಯಾಲಯದ ಪತ್ರಿಕೆಯೊಂದು ಬರೆದಿತ್ತು, 1912ರಲ್ಲಿ ಅಯೋವದಲ್ಲೂ ಆ ಮಾತು ಅಚ್ಚಾಗಿದೆ. ಗಿಲ್ ಅವರ ಕಥೆ ನಾಡಿನುದ್ದಕ್ಕೂ ಹರಡಿದ್ದು ಪಂದ್ಯ ಮುಗಿದು ಹದಿನೇಳು ವರ್ಷಗಳ ಮೇಲೆ, 1939ರಲ್ಲಿ ರೇಡಿಯೊದಲ್ಲಿ ಪ್ರಸಾರವಾದಾಗ. ಪ್ರತಿಮೆ ನಿಂತದ್ದು 1980ರಲ್ಲಿ. ಸಂಶೋಧಕನ ಕುತೂಹಲ ಕೆರಳಬೇಕಾದದ್ದು ಈ ನಡುವಿನ ಹದಿನೇಳು ವರ್ಷಗಳ ಬಗ್ಗೆ. 1939 ಎಂದರೆ ಎ ಆ್ಯಂಡ್ ಎಂ ರಾಷ್ಟ್ರೀಯ ಚಾಂಪಿಯನ್ ಆದ ವರ್ಷ. ಗೆದ್ದವರು ಹಿಂತಿರುಗಿ ನೋಡಿ ತಮಗೊಂದು ಮೂಲಪುರುಷನನ್ನು ಆರಿಸಿಕೊಳ್ಳುವುದು ಎಲ್ಲ ಕಾಲದಲ್ಲೂ ನಡೆದುಬಂದದ್ದೇ ಎಂದು ನನ್ನ ಅನಿಸಿಕೆ.

ಅಂಕಿಗಳ ವಿಷಯದಲ್ಲಿ ಒಂದು ಎಚ್ಚರಿಕೆ ಸಾಕು. ಟೆಕ್ಸಾಸ್ ವಿಶ್ವವಿದ್ಯಾಲಯದ ತಂಡ 1893ರ ನವೆಂಬರ್ 30ರಂದು ಡಲ್ಲಾಸಿನ ತಂಡವನ್ನು 18–16ರಿಂದ ಸೋಲಿಸಿತೆಂದು ಓದಿ ಇಂದಿನ ಲೆಕ್ಕದಲ್ಲಿ ಎಷ್ಟು ಟಚ್‌ಡೌನ್ (ಚೆಂಡನ್ನು ಎದುರಾಳಿಯ ಗೆರೆಯಾಚೆಗೆ ಒಯ್ದು ಅಂಕ ಗಳಿಸುವುದು) ಎಂದು ಎಣಿಸಹೊರಟರೆ ತಪ್ಪಾಗುತ್ತದೆ. ಆಗ ಟಚ್‌ಡೌನಿಗೆ ನಾಲ್ಕೇ ಅಂಕ, ಅದು ಆರಾದದ್ದು 1912ರಲ್ಲಿ.

ದಾಖಲೆಯಲ್ಲಿ ಇರುವುದನ್ನು ಓದುವುದಕ್ಕಿಂತ ಇಲ್ಲದ್ದನ್ನು ಓದುವುದು ಕಷ್ಟ. 1969ರ ಟೆಕ್ಸಾಸ್ ತಂಡ ಬಿಳಿಯರೇ ತುಂಬಿದ್ದ ಕೊನೆಯ ರಾಷ್ಟ್ರೀಯ ಚಾಂಪಿಯನ್ ತಂಡ; ಜೂಲಿಯಸ್ ವಿಟ್ಟಿಯರ್ ಆ ವಿಶ್ವವಿದ್ಯಾಲಯದ ಪರವಾಗಿ ಮುಖ್ಯ ತಂಡದಲ್ಲಿ ಆಡಿದ ಮೊದಲ ಕಪ್ಪು ಫುಟ್‌ಬಾಲಿಗರಾದದ್ದು 1970ರಲ್ಲಿ. ಅದಕ್ಕೂ ಹಿಂದಿನ ಕಾಲೇಜು ವಾರ್ಷಿಕ ಸಂಚಿಕೆಗಳನ್ನಷ್ಟೇ ಮಗುಚುವವರಿಗೆ ಟೆಕ್ಸಾಸಿನ ಕಪ್ಪು ಜನ ಈ ಆಟವನ್ನೇ ಆಡುತ್ತಿರಲಿಲ್ಲವೇನೋ ಎನಿಸಬಹುದು. ಅವರಿಗೆ ನಾನು ಡಲ್ಲಾಸಿನ ‘ಎಕ್ಸ್‌ಪ್ರೆಸ್’, ಹ್ಯೂಸ್ಟನ್ನಿನ ‘ಇನ್‌ಫಾರ್ಮರ್’ನಂಥ ಕಪ್ಪು ಸಮುದಾಯದ ಪತ್ರಿಕೆಗಳನ್ನು ತೋರಿಸುತ್ತೇನೆ. ಕಪ್ಪು ವಿದ್ಯಾರ್ಥಿಗಳ ಪ್ರೇರಿ ವ್ಯೂ ಕಾಲೇಜು 1929ರಿಂದ ಹೊಸವರ್ಷದ ದಿನ ಹ್ಯೂಸ್ಟನ್ನಿನಲ್ಲಿ ತನ್ನದೇ ಬೌಲ್ ಪಂದ್ಯ, ಎಂದರೆ ಋತುವಿನ ಕೊನೆಯ ವಿಶೇಷ ಪಂದ್ಯ, ನಡೆಸುತ್ತಿತ್ತು.

ಸಂಪ್ರದಾಯವೊಂದು ವಿವಾದಕ್ಕೆ ಸಿಲುಕಿದಾಗಲಂತೂ ಈ ಕೆಲಸಕ್ಕೆ ಬೇರೆಯೇ ತೂಕ ಬರುತ್ತದೆ. ಪಂದ್ಯದ ಕೊನೆಯಲ್ಲಿ ಹಾಡುವ ಟೆಕ್ಸಾಸ್ ವಿಶ್ವವಿದ್ಯಾಲಯದ ಗೀತೆಯ ಬಗ್ಗೆ 2020ರಲ್ಲಿ ಆಟಗಾರರೇ ಆಕ್ಷೇಪವೆತ್ತಿದರು. ವಿಶ್ವವಿದ್ಯಾಲಯ ನೇಮಿಸಿದ ಸಮಿತಿ 2021ರ ಮಾರ್ಚಿನಲ್ಲಿ ವರದಿ ಕೊಟ್ಟಿತು. ಗೀತೆಯ ಪಲ್ಲವಿ ಅಂತರ್ಯುದ್ಧದ ದಕ್ಷಿಣದ ಸೇನಾನಿ ರಾಬರ್ಟ್ ಲೀ ಅವರ ಮಾತಿನಿಂದ ಬಂದದ್ದೆಂಬ ಪ್ರಚಲಿತ ಕಥೆಗೆ ಸಮಿತಿಗೆ ಗಟ್ಟಿಯಾದ ಆಧಾರ ಸಿಗಲಿಲ್ಲ. ಅದೇ ಸಮಿತಿ, 1903ರ ಮೇ 12ರಂದು ಗೀತೆಯನ್ನು ಮೊದಲು ಹಾಡಿದ್ದು ಬಿಳಿಯರು ಮುಖಕ್ಕೆ ಕಪ್ಪು ಬಳಿದುಕೊಂಡು ಕಪ್ಪು ಜನರನ್ನು ಅಣಕಿಸುತ್ತಿದ್ದ ಬಗೆಯ ಪ್ರದರ್ಶನದಲ್ಲಿ ಎಂಬುದನ್ನು ದೃಢಪಡಿಸಿತು. ಗೀತೆಯನ್ನು ಮೆಚ್ಚುವವರು ಮೊದಲ ಮಾತನ್ನೂ ವಿರೋಧಿಸುವವರು ಎರಡನೆಯದನ್ನೂ ಎತ್ತಿ ಹಿಡಿಯುತ್ತಾರೆ. ಮೇಜಿನ ಬಳಿ ಬಂದವರ ಮುಂದೆ ಎರಡೂ ಕಾಗದಗಳನ್ನಿಡುವುದು ನನ್ನ ಪಾಲಿನ ಕೆಲಸ.

ಕೊನೆಗೊಂದು ಬೇಡಿಕೆ, ಅಜ್ಜನ ಟ್ರಂಕಿನಲ್ಲಿ ಪತ್ರಿಕೆಯ ತುಣುಕುಗಳು ಸಿಕ್ಕವರಿಗೆ. ಅಭಿಮಾನಿಗಳು ಕತ್ತರಿ ಆಡಿಸುವಾಗ ಆಟಗಾರನ ಚಿತ್ರವನ್ನು ಜೋಪಾನವಾಗಿ ಉಳಿಸಿ ದಿನಾಂಕವಿರುವ ಅಂಚನ್ನು ಕತ್ತರಿಸಿ ಎಸೆದಿರುತ್ತಾರೆ. ಆಗ ನಾವು ತುಣುಕನ್ನು ಮಗುಚಿ ಬೆನ್ನಿನ ಕಡೆ ಓದುತ್ತೇವೆ: ಅಲ್ಲಿನ ಹತ್ತಿಯ ದರ, ಸಿನಿಮಾ ಜಾಹೀರಾತು, ಅರ್ಧಕ್ಕೆ ತುಂಡಾದ ಮದುವೆಯ ಸುದ್ದಿ, ಇವುಗಳಿಂದ ವಾರವನ್ನು ಗುರುತಿಸಿದ ಪ್ರಸಂಗಗಳು ಎಷ್ಟೋ ಇವೆ. ಆದ್ದರಿಂದ ಅವನ್ನು ದಯವಿಟ್ಟು ರಟ್ಟಿಗೆ ಅಂಟಿಸಬೇಡಿ.