ಐಸ್ ಕಿಂಗ್ ರಾಜಕುಮಾರಿಯರನ್ನು ಯಾಕೆ ಹೊತ್ತೊಯ್ಯುತ್ತಿದ್ದ? 'ಅಡ್ವೆಂಚರ್ ಟೈಮ್' ಬೆಳೆದ ಕಥೆ

'ಅಡ್ವೆಂಚರ್ ಟೈಮ್' ಕಾರ್ಟೂನ್ ಇಷ್ಟಪಡುವ ಇಬ್ಬರು ಒಂದು ಕಡೆ ಸೇರಿದರೆ ಸಾಕು, ಒಂದು ಮಾತು ಬಂದೇ ಬರುತ್ತದೆ. ಇದು ಬರೀ ಮಕ್ಕಳ ಕಾರ್ಟೂನ್ ಆಗಿ ಉಳಿಯದೇ ಹೋಗಿದ್ದು ಯಾವಾಗ? ಒಬ್ಬರು ಮೂರನೇ ಸೀಸನ್ ಅನ್ನುತ್ತಾರೆ. ಇನ್ನೊಬ್ಬರು ಆರನೇ ಸೀಸನ್ ಅನ್ನುತ್ತಾರೆ, ಅದೂ ಸ್ವಲ್ಪ ಬೇಜಾರಿನಲ್ಲಿ. ಮೂರನೆಯವರು ಬಂದು 'ಮೊದಲ ಎಪಿಸೋಡಿನಿಂದಲೂ ಹಾಗೇ ಇತ್ತು, ನೀವು ಸರಿಯಾಗಿ ನೋಡಿಲ್ಲ' ಅಂತ ಶುರು ಮಾಡುತ್ತಾರೆ. ಈ ವಾದ ಶುರುವಾಗಿ ಎಷ್ಟೋ ವರ್ಷ ಆಗಿದೆ. ಇನ್ನೂ ಮುಗಿದಿಲ್ಲ.

ನೋಡದವರಿಗೆ ಕಥೆಯನ್ನು ಚಿಕ್ಕದಾಗಿ ಹೇಳುತ್ತೇನೆ. ಫಿನ್ ಅನ್ನೋ 12 ವರ್ಷದ ಹುಡುಗ. ಜೇಕ್ ಅನ್ನೋ ನಾಯಿ, ಮೈಯನ್ನು ಹೇಗೆ ಬೇಕಾದರೂ ಹಿಗ್ಗಿಸಬಲ್ಲದು, ಮಾತೂ ಆಡುತ್ತದೆ. ಇಬ್ಬರೂ ಅಣ್ಣತಮ್ಮಂದಿರಂತೆ ಒಂದು ಮರದ ಮನೆಯಲ್ಲಿದ್ದಾರೆ. ಅವರಿರುವ ಜಾಗದ ಹೆಸರು 'ಊ'. ಅಲ್ಲಿ ಮಿಠಾಯಿಯಿಂದ ಮಾಡಿದ ಜನರ ರಾಜ್ಯ ಇದೆ, ಅದಕ್ಕೆ ಪ್ರಿನ್ಸೆಸ್ ಬಬಲ್‌ಗಮ್ ರಾಣಿ. ಸಾವಿರ ವರ್ಷ ದಾಟಿದ ಮಾರ್ಸೆಲಿನ್ ಅನ್ನೋ ವ್ಯಾಂಪೈರ್ ಹುಡುಗಿ ಗಿಟಾರ್ ಬಾರಿಸುತ್ತಾಳೆ. ಆಮೇಲೆ ಐಸ್ ಕಿಂಗ್. ನೀಲಿ ಮೈ, ಬಿಳಿ ಗಡ್ಡ, ತಲೆ ಮೇಲೆ ಕಿರೀಟ. ಸಿಕ್ಕ ಸಿಕ್ಕ ರಾಜಕುಮಾರಿಯರನ್ನು ಹೊತ್ತುಕೊಂಡು ಹೋಗುವುದೇ ಅವನ ಕೆಲಸ.

ಇದನ್ನು ಹುಟ್ಟುಹಾಕಿದವರು ಪೆಂಡಲ್ಟನ್ ವಾರ್ಡ್. ಮೊದಲು ಏಳು ನಿಮಿಷದ ಒಂದು ಕಿರುಚಿತ್ರ ಮಾಡಿದ್ದರು. ಅದು ಇಂಟರ್ನೆಟ್‌ನಲ್ಲಿ ಸಿಕ್ಕಾಪಟ್ಟೆ ಓಡಿತು. ನಿಕಲೋಡಿಯನ್ ಚಾನೆಲ್ ಇದನ್ನು ಸರಣಿಯಾಗಿ ತೆಗೆದುಕೊಳ್ಳಲಿಲ್ಲ, ಕಾರ್ಟೂನ್ ನೆಟ್‌ವರ್ಕ್ ತೆಗೆದುಕೊಂಡಿತು. 2010ರ ಏಪ್ರಿಲ್ 5ಕ್ಕೆ ಅಮೆರಿಕದಲ್ಲಿ ಶುರುವಾಯಿತು. ಒಂದು ಎಪಿಸೋಡ್ 11 ನಿಮಿಷ. ಮೊದಮೊದಲು ಜನ ಇದನ್ನು ತಲೆಬುಡ ಇಲ್ಲದ ತಮಾಷೆ ಅಂತಲೇ ನೋಡಿದರು, ಮತ್ತು ಹಾಗೆ ನೋಡಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಬಣ್ಣ, ಹಾಡು, ಹೊಡೆದಾಟ, ಮುಗೀತು.

ಆದರೆ ಹಿಂದಿನ ಚಿತ್ರಗಳಲ್ಲಿ ಏನೋ ಇತ್ತು. ಶುರುವಿನ ಹಾಡಿನಲ್ಲೇ ಕ್ಯಾಮೆರಾ ಹಾಳುಬಿದ್ದ ವಸ್ತುಗಳ ಮೇಲೆ ಹಾದುಹೋಗುತ್ತದೆ. ಸಿಡಿಯದೆ ಉಳಿದ ಒಂದು ಬಾಂಬ್ ಕೂಡ ಕಾಣುತ್ತದೆ. ಮೊದಲ ಸೀಸನ್ನಿನ ಒಂದು ಎಪಿಸೋಡಿನಲ್ಲಿ ಮಂಜುಗಡ್ಡೆಯೊಳಗೆ ಹೆಪ್ಪುಗಟ್ಟಿದ, ಸೂಟು ಹಾಕಿಕೊಂಡ ಆಫೀಸಿನ ಜನ ತೇಲಿಕೊಂಡು ಬರುತ್ತಾರೆ. ಅದು ನಗಿಸೋಕೆ ಬರೆದ ದೃಶ್ಯ. ಅದನ್ನು ಮಾಡುತ್ತಾ ಮಾಡುತ್ತಾ, ಇದು ನಮ್ಮದೇ ಭೂಮಿ, ಯಾವುದೋ ದೊಡ್ಡ ಯುದ್ಧ ಆದಮೇಲೆ ಉಳಿದದ್ದು ಅನ್ನೋ ಯೋಚನೆ ಗಟ್ಟಿಯಾಯಿತು ಅಂತ ವಾರ್ಡ್ ಅವರೇ ಹೇಳಿದ್ದಾರೆ. ಎಲ್ಲವನ್ನೂ ಮೊದಲೇ ಕೂತು ಯೋಜನೆ ಹಾಕಿರಲಿಲ್ಲ. ಒಂದು ಜೋಕ್ ಮಾಡಿದರು, ಆಮೇಲೆ ಆ ಜೋಕನ್ನು ನಂಬಿದರು. ನನ್ನ ಪ್ರಕಾರ ಇಡೀ ಕಾರ್ಟೂನ್ ಬೆಳೆದ ಗುಟ್ಟು ಇಲ್ಲೇ ಇದೆ.

'ಅವತಾರ್: ದಿ ಲಾಸ್ಟ್ ಏರ್‌ಬೆಂಡರ್' ಅನ್ನೋ ಇನ್ನೊಂದು ಕಾರ್ಟೂನ್ ಜೊತೆ ಇಟ್ಟು ನೋಡಿದರೆ ಇದು ಇನ್ನೂ ಚೆನ್ನಾಗಿ ಗೊತ್ತಾಗುತ್ತದೆ. ಅದು 2005ರಿಂದ 2008ರವರೆಗೆ ಬಂತು, 61 ಎಪಿಸೋಡ್, ಮೂರು ಭಾಗ. ಅಲ್ಲಿ ಗಂಭೀರ ವಿಷಯ ಬುಡದಿಂದಲೇ ಇತ್ತು. ಮೂರನೇ ಎಪಿಸೋಡಿನಲ್ಲೇ ಕಥೆಯ ಹೀರೋ ಆ್ಯಂಗ್ ತನ್ನ ಗುರುವಿನ ಅಸ್ಥಿಪಂಜರ ನೋಡುತ್ತಾನೆ. 'ಅಡ್ವೆಂಚರ್ ಟೈಮ್' ಹಾಗಲ್ಲ. ಇದು ನಡೆಯುತ್ತಾ ನಡೆಯುತ್ತಾ ದಾರಿ ಕಂಡುಕೊಂಡಿದ್ದು.

ಕೆಲಸ ಮಾಡುವ ರೀತಿಯೂ ಅದಕ್ಕೆ ಕಾರಣ. ಇಲ್ಲಿ ಪೂರ್ತಿ ಸ್ಕ್ರಿಪ್ಟ್ ಬರೆದು ಕಲಾವಿದರ ಕೈಗೆ ಕೊಡುತ್ತಿರಲಿಲ್ಲ. ಕಥೆಯ ಒಂದು ಸಣ್ಣ ರೂಪರೇಖೆ ಕೊಡುತ್ತಿದ್ದರು. ಸಾಮಾನ್ಯವಾಗಿ ಇಬ್ಬರು ಸ್ಟೋರಿಬೋರ್ಡ್ ಕಲಾವಿದರು, ಅಂದರೆ ದೃಶ್ಯಗಳನ್ನು ಮೊದಲು ಚಿತ್ರವಾಗಿ ಜೋಡಿಸುವವರು, ಅದನ್ನು ಹಂಚಿಕೊಂಡು, ಚಿತ್ರ ಬಿಡಿಸುತ್ತಲೇ ಮಾತುಗಳನ್ನೂ ಬರೆಯುತ್ತಿದ್ದರು. ಹಾಗಾಗಿ ಬರೆಯುವವರ ಮನಸ್ಸಿನಲ್ಲಿ ಏನಿತ್ತೋ ಅದೇ ನೇರವಾಗಿ ಎಪಿಸೋಡಿಗೆ ಬಂತು. ಎರಡನೇ ಸೀಸನ್ನಿಗೆ ರೆಬೆಕಾ ಶುಗರ್ ಈ ತಂಡದಲ್ಲಿ ಕಾಣಿಸಿಕೊಂಡರು. ಅವರ ಮೊದಲ ಎಪಿಸೋಡಿನಲ್ಲೇ ಮಾರ್ಸೆಲಿನ್ ಒಂದು ಹಾಡು ಹಾಡುತ್ತಾಳೆ. ಅಪ್ಪ ತನ್ನ ಫ್ರೆಂಚ್ ಫ್ರೈಸ್ ತಿಂದುಬಿಟ್ಟ ಅಂತ ದೂರು. ಅಷ್ಟೇ ವಿಷಯ. ಕೇಳೋಕೆ ತಮಾಷೆ. ಆದರೆ ಹಾಡು ಮುಗಿಯುವಷ್ಟರಲ್ಲಿ ಈ ಹುಡುಗಿಗೆ ನೋವಾಗಿರೋದು ಫ್ರೈಸ್‌ಗಲ್ಲ, ಅಪ್ಪನಿಗೆ ತಾನು ಬೇಕಾ ಬೇಡವಾ ಅನ್ನೋದಕ್ಕೆ ಅಂತ ಗೊತ್ತಾಗಿಬಿಡುತ್ತದೆ. ಇನ್ನೊಂದು ವಿಷಯ: ಮಾರ್ಸೆಲಿನ್‌ಗೆ ದನಿ ಕೊಟ್ಟವರು ಒಲಿವಿಯಾ ಓಲ್ಸನ್, ಆ ಅಪ್ಪನಿಗೆ ದನಿ ಕೊಟ್ಟವರು ನಿಜ ಜೀವನದಲ್ಲೂ ಅವರ ತಂದೆಯಾದ ಮಾರ್ಟಿನ್ ಓಲ್ಸನ್. ಇದು ಗೊತ್ತಾದಮೇಲೆ ಆ ಎಪಿಸೋಡನ್ನು ನಾನು ಮತ್ತೆ ಎರಡು ಸಲ ನೋಡಿದ್ದೇನೆ.

ಈಗ ಐಸ್ ಕಿಂಗ್ ವಿಷಯಕ್ಕೆ ಬರೋಣ.

2011ರ ಡಿಸೆಂಬರ್‌ನಲ್ಲಿ, ಮೂರನೇ ಸೀಸನ್ನಿನಲ್ಲಿ, ಎರಡು ಭಾಗದ ಒಂದು ಎಪಿಸೋಡ್ ಬಂತು. ಫಿನ್ ಮತ್ತು ಜೇಕ್ ಕೈಗೆ ಐಸ್ ಕಿಂಗ್‌ನ ಹಳೇ ವಿಡಿಯೋ ಕ್ಯಾಸೆಟ್‌ಗಳು ಸಿಗುತ್ತವೆ. ಅವನ ಗುಟ್ಟು ತಿಳಿಯಬಹುದು ಅಂತ ಕೂತು ನೋಡುತ್ತಾರೆ. ಒಂದಾದಮೇಲೆ ಒಂದು ಬೋರಿಂಗ್ ಕ್ಯಾಸೆಟ್. ಕೊನೆಯದರಲ್ಲಿ ಕನ್ನಡಕ ಹಾಕಿದ ಒಬ್ಬ ಮೃದು ಮಾತಿನ ಮನುಷ್ಯ ಇದ್ದಾನೆ. ಹೆಸರು ಸೈಮನ್ ಪೆಟ್ರಿಕೋವ್, ಹಳೇ ಕಾಲದ ವಸ್ತುಗಳನ್ನು ಅಧ್ಯಯನ ಮಾಡುವವನು. ಒಂದು ಕಿರೀಟ ಕೊಂಡುಕೊಂಡ. ತನ್ನನ್ನು ಮದುವೆಯಾಗಬೇಕಿದ್ದ ಬೆಟ್ಟಿಯನ್ನು ನಗಿಸೋಕೆ ಅಂತ ಸುಮ್ನೆ ತಲೆ ಮೇಲೆ ಇಟ್ಟುಕೊಂಡ. ಆಮೇಲೆ ಏನಾಯಿತೋ ಅವನಿಗೇ ನೆನಪಿಲ್ಲ. ಎಚ್ಚರವಾದಾಗ ಬೆಟ್ಟಿ ಅವನನ್ನು ಅಸಹ್ಯದಿಂದ ನೋಡುತ್ತಿದ್ದಳು, ಹೊರಟುಹೋದಳು. ಕಿರೀಟ ಅವನನ್ನು ಸಾಯೋಕೆ ಬಿಡಲಿಲ್ಲ, ಆದರೆ ಬುದ್ಧಿಯನ್ನು ದಿನಾ ಸ್ವಲ್ಪ ಸ್ವಲ್ಪ ತಿಂದುಹಾಕಿತು. ಪೂರ್ತಿ ಮರೆಯುವ ಮೊದಲು ಅವನು ಕ್ಯಾಮೆರಾ ಮುಂದೆ ಕೂತು, ಮುಂದೆ ತಾನು ಏನೇ ಮಾಡಿದ್ದರೂ ಕ್ಷಮಿಸಿ ಅಂತ ಕೇಳಿಕೊಳ್ಳುತ್ತಾನೆ. ಬೆಟ್ಟಿಯನ್ನು ಅವನು ಕರೆಯುತ್ತಿದ್ದದ್ದು ನನ್ನ ರಾಜಕುಮಾರಿ ಅಂತ.

ಎರಡು ಸೀಸನ್ ಪೂರ್ತಿ ನಾವು ನಕ್ಕಿದ್ದು ಇದಕ್ಕೇ ಅಲ್ವಾ? ಅವನು ಹುಡುಕುತ್ತಿದ್ದದ್ದು ಒಬ್ಬಳನ್ನು. ಯಾರನ್ನು ಅನ್ನೋದು ಮರೆತುಹೋಗಿತ್ತು, ಹುಡುಕಬೇಕು ಅನ್ನೋದು ಮಾತ್ರ ಉಳಿದಿತ್ತು.

ಅಭಿಮಾನಿಗಳ ಮಾತಿನ ಧಾಟಿ ಬದಲಾಗಿದ್ದು ಇಲ್ಲಿಂದ. ಅಲ್ಲಿಯವರೆಗೆ ಯಾವ ಎಪಿಸೋಡ್ ಜಾಸ್ತಿ ಮಜಾ ಇತ್ತು ಅನ್ನೋ ಚರ್ಚೆ. ಆಮೇಲೆ ಎಲ್ಲರೂ ಹಿಂದಕ್ಕೆ ಹೋಗಿ ಹಳೇ ಎಪಿಸೋಡ್‌ಗಳನ್ನು ಒಂದೊಂದೇ ಫ್ರೇಮ್ ನಿಲ್ಲಿಸಿ ನೋಡೋಕೆ ಶುರು ಮಾಡಿದರು. 'ಲೋರ್' ಅನ್ನೋ ಪದ, ಅಂದರೆ ಕಥೆಯ ಹಿಂದಿರುವ ಕಥೆ, ಎಲ್ಲರ ಬಾಯಿಗೆ ಬಂತು. ಯಾವುದು ಮುಖ್ಯ ಎಪಿಸೋಡ್, ಯಾವುದು ಫಿಲ್ಲರ್ ಅಂತ ಜಗಳ ಶುರುವಾಗಿದ್ದೂ ಆಗಲೇ. ನನಗೆ ಆ ಫಿಲ್ಲರ್ ಅನ್ನೋ ಪದ ಇಷ್ಟವಿಲ್ಲ. ಕೆಲಸಕ್ಕೆ ಬಾರದ್ದು ಅಂತ ಬಿಟ್ಟ ಎಪಿಸೋಡಿನಲ್ಲೇ ಮುಂದಿನ ದೊಡ್ಡ ವಿಷಯದ ಬೀಜ ಇರುತ್ತಿತ್ತು.

2012ರ ಅಕ್ಟೋಬರ್ 15ಕ್ಕೆ ಬಂದದ್ದು ಅಂಥ ಒಂದು ಬೀಜ ಮರವಾದ ಎಪಿಸೋಡ್. ಶುಗರ್ ಮತ್ತು ಕೋಲ್ ಸಾಂಚೆಸ್ ಮಾಡಿದ್ದು. ಐಸ್ ಕಿಂಗ್ ಒಂದಷ್ಟು ಹಳೇ ಕಾಗದ ಹಿಡಿದುಕೊಂಡು ಮಾರ್ಸೆಲಿನ್ ಮನೆಗೆ ಹೋಗುತ್ತಾನೆ. ರಾಜಕುಮಾರಿಯರನ್ನು ಒಲಿಸೋಕೆ ಒಂದು ಹಾಡು ಬೇಕು, ಸಹಾಯ ಮಾಡು ಅನ್ನುತ್ತಾನೆ. ಆ ಕಾಗದಗಳಲ್ಲಿ ಇರುವುದು ಸೈಮನ್ ಮಾರ್ಸೆಲಿನ್‌ಗೇ ಬರೆದ ಮಾತುಗಳು. ಯುದ್ಧ ಮುಗಿದಮೇಲೆ, ಹಾಳಾದ ಊರಿನಲ್ಲಿ ಒಬ್ಬಳೇ ಅಳುತ್ತಿದ್ದ ಏಳು ವರ್ಷದ ಹುಡುಗಿಯನ್ನು ಸಾಕಿದವನು ಅವನೇ. ಈಗ ಅವಳು ಅವನದೇ ಮಾತುಗಳನ್ನು ಅವನ ಮುಂದೆ ಹಾಡುತ್ತಾಳೆ, ಅವನೂ ಖುಷಿಯಿಂದ ದನಿಗೂಡಿಸುತ್ತಾನೆ, ಅವಳು ಯಾಕೆ ಅಳುತ್ತಿದ್ದಾಳೆ ಅಂತ ಮಾತ್ರ ಅವನಿಗೆ ಗೊತ್ತಾಗೋದೇ ಇಲ್ಲ. ಕೊನೆಯಲ್ಲಿ ಹಳೇ ದಿನದ ಒಂದು ತುಣುಕು ಬರುತ್ತದೆ. ಸೈಮನ್ ಆ ಪುಟ್ಟ ಹುಡುಗಿಗೆ ಒಂದು ಗೊಂಬೆ ಕೊಡುತ್ತಾನೆ. ಆ ಗೊಂಬೆಯನ್ನು ನಾವು ಒಂದು ವರ್ಷದ ಹಿಂದೆಯೇ, ಇನ್ನೊಂದು ಎಪಿಸೋಡಿನಲ್ಲಿ ನೋಡಿದ್ದೆವು. ಯಾರು ಕೊಟ್ಟಿದ್ದು ಅಂತ ಆಗ ಕೇಳಿರಲಿಲ್ಲ.

ಮನೆಯಲ್ಲಿ ಮರೆವಿನ ಕಾಯಿಲೆ ಬಂದ ಅಜ್ಜನನ್ನೋ ಅಜ್ಜಿಯನ್ನೋ ನೋಡಿಕೊಂಡವರು ಈ ಎಪಿಸೋಡಿನ ಬಗ್ಗೆ ಮಾತಾಡುವ ರೀತಿಯೇ ಬೇರೆ. ಎದುರಿಗೆ ಕೂತಿರುವವರು ನಮ್ಮವರೇ, ಆದರೆ ನಮ್ಮನ್ನು ಯಾರು ಅಂತ ಕೇಳುತ್ತಾರೆ. 11 ನಿಮಿಷದ ಒಂದು ಕಾರ್ಟೂನ್ ಅದನ್ನು ಎಲ್ಲೂ ಹೆಸರಿಡದೆ ಹೇಳಿತು. 2013ರ ಮಾರ್ಚ್‌ನಲ್ಲಿ ಬಂದ ಮುಂದಿನ ಭಾಗದಲ್ಲಿ ಹುಡುಗಿಗೆ ಹುಷಾರಿಲ್ಲ, ಅವಳನ್ನು ಕಾಪಾಡೋಕೆ ಸೈಮನ್ ಕಿರೀಟ ಹಾಕಿಕೊಳ್ಳಲೇಬೇಕು. ಹಾಕಿಕೊಂಡಷ್ಟೂ ಅವಳನ್ನು ಮರೆಯುತ್ತಾನೆ. ಇದಕ್ಕಿಂತ ಜಾಸ್ತಿ ನಾನು ಹೇಳಲ್ಲ, ನೋಡಿ.

ಇದೇ ಹೊತ್ತಿಗೆ ಫಿನ್ ಕೂಡ ದೊಡ್ಡವನಾಗುತ್ತಿದ್ದ. ಸಾಮಾನ್ಯವಾಗಿ ಕಾರ್ಟೂನ್ ಮಕ್ಕಳಿಗೆ ವಯಸ್ಸೇ ಆಗಲ್ಲ. ಇಲ್ಲಿ ಫಿನ್‌ಗೆ ದನಿ ಕೊಟ್ಟ ಜೆರೆಮಿ ಶಾಡಾ ನಿಜವಾಗಿಯೂ ಹುಡುಗ, ಹುಟ್ಟಿದ್ದು 1997ರಲ್ಲಿ. ಅವರ ಗಂಟಲು ಒಡೆಯಿತು. ಬೇರೆಯವರನ್ನು ತರದೆ, ಫಿನ್‌ನ ದನಿಯೂ ಒಡೆಯಲಿ ಅಂತ ಬಿಟ್ಟರು. ಸರಣಿ ಮುಗಿಯುವಾಗ ಅವನಿಗೆ 17.

ವಯಸ್ಸಿನ ಜೊತೆ ತಪ್ಪುಗಳೂ ಬಂದವು. 2013ರ ಆಗಸ್ಟ್‌ನಲ್ಲಿ ಫಿನ್ ತನ್ನ ಗೆಳತಿ ಫ್ಲೇಮ್ ಪ್ರಿನ್ಸೆಸ್‌ಗೆ ಸುಳ್ಳು ಹೇಳಿ, ಅವಳು ಐಸ್ ಕಿಂಗ್ ಜೊತೆ ಜಗಳಕ್ಕೆ ನಿಲ್ಲುವಂತೆ ಮಾಡುತ್ತಾನೆ. ಕಾರಣ ಅವನ ಸ್ವಾರ್ಥ ಅಷ್ಟೇ. ಗೊತ್ತಾದಾಗ ಅವಳು ಬಿಟ್ಟುಹೋಗುತ್ತಾಳೆ. ಇಲ್ಲಿ ಅಭಿಮಾನಿಗಳು ಎರಡು ಪಾಲಾದರು. ನಮ್ಮ ಹೀರೋನನ್ನು ಹಾಳು ಮಾಡಿದರು ಅಂತ ಒಂದು ಗುಂಪು. ಆ ವಯಸ್ಸಿನ ಹುಡುಗರು ಮಾಡೋದೇ ಹೀಗೆ, ಮಾಡಿದ ಮೇಲೆ ಅದರ ಜೊತೆ ಬದುಕಬೇಕು ಅಂತ ಇನ್ನೊಂದು ಗುಂಪು. ನಾನು ಎರಡನೇ ಗುಂಪು. ಮುಂದಿನ ಎಪಿಸೋಡಿಗೆ ಎಲ್ಲ ಮೊದಲಿನಂತೆ ಆಗಿದ್ದರೆ ಮೊದಲ ಗುಂಪಿನ ಮಾತು ಸರಿ ಇರುತ್ತಿತ್ತು. ಆದರೆ ಆಗಲಿಲ್ಲ. ಅವಳು ವಾಪಸ್ ಬರಲಿಲ್ಲ.

2014ರ ಏಪ್ರಿಲ್‌ನಲ್ಲಿ ಆರನೇ ಸೀಸನ್ ಶುರುವಾಯಿತು. ಅಷ್ಟರಲ್ಲಿ ವಾರ್ಡ್ ದಿನನಿತ್ಯದ ಹೊಣೆ ಬಿಟ್ಟಿದ್ದರು, ಆಡಮ್ ಮ್ಯೂಟೋ ನಡೆಸುತ್ತಿದ್ದರು. ಅಪ್ಪ ಬದುಕಿದ್ದಾನೆ ಅಂತ ಫಿನ್‌ಗೆ ಹಿಂದಿನ ಸೀಸನ್ನಿನ ಕೊನೆಯಲ್ಲೇ ಗೊತ್ತಾಗಿರುತ್ತದೆ. ಹುಡುಕಿಕೊಂಡು ಹೋಗುತ್ತಾನೆ. ಸಿಕ್ಕಿದವನು ಒಬ್ಬ ಮೋಸಗಾರ, ಮಗನನ್ನು ತಿರುಗಿಯೂ ನೋಡದೆ ಓಡುತ್ತಾನೆ. ತಡೆಯೋಕೆ ಹೋಗಿ ಫಿನ್ ತನ್ನ ಬಲಗೈ ಕಳೆದುಕೊಳ್ಳುತ್ತಾನೆ. ಆ ವರ್ಷದ ಎಪಿಸೋಡ್‌ಗಳಲ್ಲಿ ಫಿನ್ ಬಹಳ ದಿನ ಮಂಕಾಗಿದ್ದ. ಹಲವು ಎಪಿಸೋಡ್‌ಗಳು ಕನಸಿನ ಹಾಗೆ, ಅರ್ಥ ಬಿಡಿಸಿ ಹೇಳದ ಹಾಗೆ ಇದ್ದವು. ಚಿಕ್ಕ ಮಕ್ಕಳು ಏನು ನೋಡಬೇಕು ಅಂತ ಕೇಳಿದವರು ಬಹಳ ಜನ, ಆ ಪ್ರಶ್ನೆ ನ್ಯಾಯವಾದದ್ದೇ. ಒಂದೆರಡು ಎಪಿಸೋಡ್ ನನಗೂ ಜಾಸ್ತಿ ಆಯಿತು ಅನ್ನಿಸಿತ್ತು. ಆದರೆ ಅಮೆರಿಕದಲ್ಲಿ ಒಳ್ಳೆಯ ಟಿವಿ, ರೇಡಿಯೋ ಕೆಲಸಕ್ಕೆ ಕೊಡುವ ಪೀಬಡಿ ಪ್ರಶಸ್ತಿ ಬಂದಿದ್ದು 2014ರ ಕೆಲಸಕ್ಕೇ. 2017ರಲ್ಲಿ ಬಂದ ಎಂಟು ಎಪಿಸೋಡಿನ ಕಥೆಯೊಂದರಲ್ಲಿ ಅದೇ ಅಪ್ಪ ಒಂದು ಕಾಲದಲ್ಲಿ ಮಗುವನ್ನು ಎದೆಗೆ ಅವಚಿಕೊಂಡಿದ್ದ ದೃಶ್ಯ ನೋಡಿದಾಗ, ಮೂರು ವರ್ಷ ಬೈದವರೂ ಸುಮ್ಮನಾದರು.

2018ರ ಸೆಪ್ಟೆಂಬರ್ 3ಕ್ಕೆ, 283 ಎಪಿಸೋಡ್ ಆದಮೇಲೆ ಮುಗಿಯಿತು. 2011ರಿಂದ ಅಭಿಮಾನಿಗಳು ಊಹಿಸುತ್ತಾ ಬಂದಿದ್ದ ಬಬಲ್‌ಗಮ್ ಮತ್ತು ಮಾರ್ಸೆಲಿನ್ ಪ್ರೀತಿಯನ್ನು ಕೊನೆಗೂ ಬಾಯಿಬಿಟ್ಟು ಹೇಳಿದರು, ಒಂದು ಮುತ್ತಿನ ಮೂಲಕ. ಏಳು ವರ್ಷ ಕಾಯಿಸಿದ್ದು ಅತಿಯಾಯಿತು ಅನ್ನೋರ ಜೊತೆ ನಾನೂ ಇದ್ದೇನೆ. ಸೈಮನ್‌ಗೆ ಬುದ್ಧಿ ಮರಳಿತು. ಅವನನ್ನು ಉಳಿಸೋಕೆ ಹೋದ ಬೆಟ್ಟಿ ಮರಳಲಿಲ್ಲ.

ಆಮೇಲೆ 2023ರಲ್ಲಿ ಇದೇ ಲೋಕದ 'ಫಿಯೋನಾ ಅಂಡ್ ಕೇಕ್' ಅನ್ನೋ ಇನ್ನೊಂದು ಸರಣಿ ಬಂತು. ಇದನ್ನು ನೇರವಾಗಿ ದೊಡ್ಡವರಿಗೇ ಅಂತ ಮಾಡಿದ್ದು. ಮುಖ್ಯ ಪಾತ್ರಗಳಲ್ಲಿ ಒಬ್ಬ ಸೈಮನ್. ತನ್ನ ಕಾಲ ಸತ್ತು ಸಾವಿರ ವರ್ಷವಾದ ಲೋಕದಲ್ಲಿ, ಬೆಟ್ಟಿ ಇಲ್ಲದೆ, ಏನು ಮಾಡಬೇಕು ಅಂತ ಗೊತ್ತಾಗದೆ ಕೂತಿರುವ ಮನುಷ್ಯ. 2010ರಲ್ಲಿ ಹತ್ತು ವರ್ಷದವರಾಗಿ ಐಸ್ ಕಿಂಗ್ ನೋಡಿ ನಕ್ಕ ಮಕ್ಕಳಿಗೆ ಆಗ 23. ಕೆಲಸ ಹುಡುಕುತ್ತಿರುವವರು, ಊರು ಬಿಟ್ಟು ಬಂದವರು, ಯಾರನ್ನೋ ಕಳೆದುಕೊಂಡವರು. ಇದು ಅವರಿಗೆ ಮಾಡಿದ್ದು.

ಹೋದ ತಿಂಗಳು ಅಕ್ಕನ ಮಗನ ಜೊತೆ ಕೂತು ಮೊದಲ ಸೀಸನ್ ಮತ್ತೆ ಶುರು ಮಾಡಿದೆ. ಅವನಿಗೆ ಎಂಟು ವರ್ಷ. ಐಸ್ ಕಿಂಗ್ ರಾಜಕುಮಾರಿಯರನ್ನೆಲ್ಲ ಕೂಡಿಹಾಕಿಕೊಂಡು ಅವರ ಮುಂದೆ ಡ್ರಮ್ ಬಾರಿಸುವ ಎಪಿಸೋಡ್ ಬಂತು. ಅವನು ಹೊಟ್ಟೆ ಹಿಡಿದುಕೊಂಡು ನಕ್ಕ. ಆಮೇಲೆ ನನ್ನ ಕಡೆ ತಿರುಗಿ, 'ಮಾಮಾ, ಇವನು ಯಾಕೆ ಎಲ್ಲರನ್ನೂ ಹಿಡ್ಕೊಂಡು ಹೋಗ್ತಾನೆ?' ಅಂತ ಕೇಳಿದ. 'ಮೂರನೇ ಸೀಸನ್‌ಗೆ ಬಾ, ಅವನೇ ಹೇಳ್ತಾನೆ' ಅಂದೆ.